ಇಂಗ್ಲೆಂಡಿನ ದೊಡ್ಡ ಸರ್ಕಾರಿ ಶಾಲೆ: ಮಗುವಿಗೆ ಆರಿಸುವುದು ಹೇಗೆ?

ಮಗಳನ್ನು ಕರೆದುಕೊಂಡು ಮೊದಲ ಸಲ ಇಲ್ಲಿನ ಸೆಕೆಂಡರಿ ಶಾಲೆಯೊಂದರ ಓಪನ್ ಈವ್ನಿಂಗ್‌ಗೆ (ಪೋಷಕರಿಗೆ ಶಾಲೆ ತೋರಿಸುವ ಸಂಜೆಗೆ) ಹೋಗಿದ್ದೆ. ಲ್ಯಾಬಿನಲ್ಲಿ ದೊಡ್ಡ ತರಗತಿಯ ಹುಡುಗರು ಬನ್ಸೆನ್ ಬರ್ನರಿನ ಉರಿಗೆ ತಾಮ್ರದ ಲವಣ ಹಿಡಿದು ಹಸಿರು ಜ್ವಾಲೆ ತೋರಿಸುತ್ತಿದ್ದರು. ಅವಳು ಕಣ್ಣರಳಿಸಿ ನೋಡಿದಳು. ಹೊರಗೆ ಬಂದು ಉದ್ದದ ಕಾರಿಡಾರಿನಲ್ಲಿ ನಿಂತಾಗ ನನ್ನ ಕೈ ಜಗ್ಗಿ ಕೇಳಿದಳು, "ಅಮ್ಮಾ, ಇಲ್ಲಿ ನಾನು ಕಳೆದುಹೋದ್ರೆ ಯಾರನ್ನ ಕೇಳ್ಬೇಕು?"

ಅವಳ ಪ್ರೈಮರಿ ಶಾಲೆಯಲ್ಲಿ ಒಟ್ಟು ಇದ್ದದ್ದು 210 ಮಕ್ಕಳು. ಇಲ್ಲಿ ಮೊದಲ ವರ್ಷವಾದ ಇಯರ್ 7 ಒಂದರಲ್ಲೇ 240. ಆ ಪ್ರಶ್ನೆಯನ್ನೇ ಹಿಡಿದುಕೊಂಡು ಉಳಿದ ಶಾಲೆಗಳನ್ನೆಲ್ಲ ನೋಡಿದೆವು. ಫಲಿತಾಂಶದ ಪಟ್ಟಿಗಳಿಗಿಂತ ಅದೇ ನಮಗೆ ಹೆಚ್ಚು ದಾರಿ ತೋರಿಸಿತು.

ಮೊದಲು ಹೆಸರುಗಳ ಗೊಂದಲ ಕಳೆದುಕೊಳ್ಳಿ

ಇಂಗ್ಲೆಂಡಿನಲ್ಲಿ 'ಪಬ್ಲಿಕ್ ಸ್ಕೂಲ್' ಎಂದರೆ ಈಟನ್, ಹ್ಯಾರೋ ಥರದ ದುಬಾರಿ ಖಾಸಗಿ ಶಾಲೆ. ನಮಗೆ ಬೇಕಾದದ್ದು 'ಸ್ಟೇಟ್ ಸ್ಕೂಲ್'. ಇದಕ್ಕೆ ಶುಲ್ಕವಿಲ್ಲ. ಬೋರ್ಡಿನ ಮೇಲೆ ಅಕಾಡೆಮಿ, ಫ್ರೀ ಸ್ಕೂಲ್, ಕಮ್ಯುನಿಟಿ ಸ್ಕೂಲ್ ಎಂದು ಏನೇ ಇರಲಿ, ಹಣ ಸರ್ಕಾರದ್ದೇ. ವ್ಯತ್ಯಾಸ ಇರುವುದು ಪ್ರವೇಶದ ನಿಯಮ ಬರೆಯುವವರಲ್ಲಿ: ಕಮ್ಯುನಿಟಿ ಶಾಲೆಗೆ ಕೌನ್ಸಿಲ್ (ಸ್ಥಳೀಯ ಆಡಳಿತ) ಬರೆಯುತ್ತದೆ, ಅಕಾಡೆಮಿಗೆ ಅದನ್ನು ನಡೆಸುವ ಟ್ರಸ್ಟ್ ಬರೆಯುತ್ತದೆ. ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸುವ ಗ್ರಾಮರ್ ಶಾಲೆಗಳು ಇಡೀ ದೇಶದಲ್ಲಿ 163 ಮಾತ್ರ. ಕೆಂಟ್, ಬಕಿಂಗ್‌ಹ್ಯಾಮ್‌ಶೈರ್, ಲಿಂಕನ್‌ಶೈರ್ ಕಡೆ ಅವು ಹೆಚ್ಚು. ಮಿಕ್ಕವರಲ್ಲಿ ಹೆಚ್ಚಿನವರು ಓದುವುದು ಕಾಂಪ್ರಿಹೆನ್ಸಿವ್‌ನಲ್ಲಿ. ಎಲ್ಲ ಬಗೆಯ ಮಕ್ಕಳೂ ಒಂದೇ ಸೂರಿನಡಿ ಕಲಿಯುವ ಶಾಲೆ ಅದು. (ಸ್ಕಾಟ್ಲೆಂಡ್, ವೇಲ್ಸ್‌ಗಳ ವ್ಯವಸ್ಥೆ ಬೇರೆ. ಅಲ್ಲಿರುವವರಿಗೆ ಈ ಲೇಖನದ ತಾರೀಖುಗಳು ಅನ್ವಯಿಸುವುದಿಲ್ಲ.)

ಕಾಂಪ್ರಿಹೆನ್ಸಿವ್ ಶಾಲೆಗಳು ಇಷ್ಟು ದೊಡ್ಡದಾಗಿರುವುದಕ್ಕೆ ಕಾರಣವಿದೆ. 1954ರಲ್ಲಿ ಲಂಡನ್ನಿನ ಕಿಡ್‌ಬ್ರೂಕ್‌ನಲ್ಲಿ ಹೆಣ್ಣುಮಕ್ಕಳಿಗಾಗಿ ತೆರೆದ ಕಾಂಪ್ರಿಹೆನ್ಸಿವ್ ಶಾಲೆಯನ್ನು ಸುಮಾರು 2000 ಮಂದಿಗೆಂದೇ ಕಟ್ಟಿದ್ದರು. ಎಲ್ಲ ಬಗೆಯ ಮಕ್ಕಳಿಗೂ ಬೇಕಾದ ವಿಷಯಗಳನ್ನು ಕಲಿಸಿ, ಮೇಲೆ ಸಿಕ್ಸ್ತ್ ಫಾರ್ಮನ್ನೂ (ನಮ್ಮ ಪಿಯುಸಿಯಂಥ ಕೊನೆಯ ಎರಡು ವರ್ಷ) ನಡೆಸಬೇಕಾದರೆ ಅಷ್ಟು ತಲೆಗಳು ಬೇಕು ಎಂಬುದು ಆಗಿನ ಲೆಕ್ಕ. ಆ ಲೆಕ್ಕ ಇಂದಿಗೂ ಪೂರ್ತಿ ಸುಳ್ಳಲ್ಲ. ದೊಡ್ಡ ಶಾಲೆಯಲ್ಲಿ ಭೌತಶಾಸ್ತ್ರಕ್ಕೆ ಅದನ್ನೇ ಓದಿದ ಟೀಚರ್ ಇರುತ್ತಾರೆ, ಕಂಪ್ಯೂಟರ್ ಸೈನ್ಸ್ ತರಗತಿ ಭರ್ತಿಯಾಗುತ್ತದೆ, ನಾಟಕಕ್ಕೂ ಆರ್ಕೆಸ್ಟ್ರಾಕ್ಕೂ ಮಕ್ಕಳು ಸಿಗುತ್ತಾರೆ. ಮೆತ್ತಗಿನ ಮಗು ಆ ಗುಂಪಿನಲ್ಲಿ ಯಾರ ಕಣ್ಣಿಗೂ ಬೀಳದೆ ಐದು ವರ್ಷ ಕಳೆದುಬಿಡುವುದೂ ಅಷ್ಟೇ ಸುಲಭ.

ತಾರೀಖುಗಳನ್ನು ಗೋಡೆಗೆ ಅಂಟಿಸಿ

ಮಗು ಪ್ರೈಮರಿಯ ಕೊನೆಯ ವರ್ಷವಾದ ಇಯರ್ 6ಕ್ಕೆ ಬಂದ ಸೆಪ್ಟೆಂಬರಿನಲ್ಲೇ ಕೆಲಸ ಶುರು. ಓಪನ್ ಈವ್ನಿಂಗ್‌ಗಳು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಮುಗಿದುಹೋಗುತ್ತವೆ. ಸಾಧ್ಯವಾದರೆ ಇಯರ್ 5ರಲ್ಲೇ ಒಂದು ಸುತ್ತು ನೋಡಿಬಿಡಿ. ಅರ್ಜಿಗೆ ಕೊನೆಯ ದಿನ ಅಕ್ಟೋಬರ್ 31. ಫಲಿತಾಂಶ ಮಾರ್ಚ್ 1ಕ್ಕೆ, ಅಂದು ರಜೆಯಿದ್ದರೆ ಮುಂದಿನ ಕೆಲಸದ ದಿನಕ್ಕೆ. ಗ್ರಾಮರ್ ಶಾಲೆಯ ಪರೀಕ್ಷೆ ಬರೆಸುವುದಿದ್ದರೆ ಇನ್ನೂ ಮುಂಚೆ, ಬೇಸಿಗೆಯಲ್ಲೇ ಹೆಸರು ನೋಂದಾಯಿಸಬೇಕು. ತಡವಾಗಿ ಬಂದ ಅರ್ಜಿಯನ್ನು ಮುಟ್ಟುವುದು ಸಕಾಲಕ್ಕೆ ಬಂದವೆಲ್ಲ ಮುಗಿದ ಮೇಲೆ. ಅಷ್ಟರಲ್ಲಿ ಬೇಡಿಕೆಯ ಶಾಲೆಗಳು ತುಂಬಿರುತ್ತವೆ.

ಅರ್ಜಿ ಹೋಗಬೇಕಾದದ್ದು ನೀವು ವಾಸವಿರುವ ಕೌನ್ಸಿಲ್‌ಗೆ. ಪಕ್ಕದ ಕೌನ್ಸಿಲ್‌ನ ಶಾಲೆ ಬೇಕಾದರೂ ಅದೇ ಅರ್ಜಿಯಲ್ಲಿ ಬರೆಯಬೇಕು.

ಪ್ರವೇಶ ನಿಯಮವನ್ನು ಸಾಲುಸಾಲಾಗಿ ಓದಿ

ಬಹಳ ಪೋಷಕರು ಇದನ್ನು ಹಾರಿಸಿಬಿಡುತ್ತಾರೆ. ಶಾಲೆ ಚೆನ್ನಾಗಿದೆ, ನಮ್ಮ ಮಗು ಚೆನ್ನಾಗಿ ಓದುತ್ತದೆ, ಸೀಟು ಸಿಕ್ಕೇ ಸಿಗುತ್ತದೆ ಎಂಬ ಊರಿನ ಅಭ್ಯಾಸ ನಮ್ಮದು. ಕಾಂಪ್ರಿಹೆನ್ಸಿವ್ ಶಾಲೆಯಲ್ಲಿ ಮಗುವಿನ ಅಂಕ ಯಾರಿಗೂ ಬೇಡ. ಸೀಟಿಗಿಂತ ಅರ್ಜಿ ಹೆಚ್ಚಾದಾಗ ಯಾರನ್ನು ಮೊದಲು ತೆಗೆದುಕೊಳ್ಳಬೇಕೆಂಬ ಕ್ರಮವನ್ನು ಪ್ರತಿ ಶಾಲೆಯೂ ಮೊದಲೇ ಪ್ರಕಟಿಸಿರುತ್ತದೆ.

ವಿಶೇಷ ಅಗತ್ಯವುಳ್ಳ ಮಗುವಿಗೆ ಬೇಕಾದ ನೆರವನ್ನು ಕೌನ್ಸಿಲ್ ಬರೆದುಕೊಡುವ ಇಎಚ್‌ಸಿ ಪ್ಲಾನ್‌ನಲ್ಲಿ ಶಾಲೆಯ ಹೆಸರಿದ್ದರೆ ಆ ಶಾಲೆ ಸೇರಿಸಿಕೊಳ್ಳಲೇಬೇಕು. ಆಮೇಲೆ ಸರ್ಕಾರದ ಆರೈಕೆಯಲ್ಲಿರುವ, ಹಿಂದೆ ಇದ್ದ ಮಕ್ಕಳು. ನಂತರ ಸಾಮಾನ್ಯವಾಗಿ ಅಣ್ಣನೋ ಅಕ್ಕನೋ ಅಲ್ಲೇ ಓದುತ್ತಿರುವವರು, ಕ್ಯಾಚ್‌ಮೆಂಟ್ ಎಂಬ ಗಡಿಯೊಳಗೆ ಮನೆಯಿರುವವರು, ಕೊನೆಗೆ ದೂರದ ಲೆಕ್ಕ. ಕೆಲವು ಶಾಲೆಗಳು ಚರ್ಚಿನ ಹಾಜರಾತಿ ನೋಡುತ್ತವೆ. ಅದಕ್ಕೆ ಪ್ರತ್ಯೇಕ ಫಾರ್ಮು, ನೇರ ಶಾಲೆಗೇ ಕಳಿಸಬೇಕು. ಕೆಲವು ಶಾಲೆಗಳು ಸಂಗೀತ, ಕ್ರೀಡೆ, ಭಾಷೆಯಂಥ ವಿಷಯದಲ್ಲಿ ಸಹಜ ಪ್ರತಿಭೆ ಇರುವವರಿಗೆ 10 ಪ್ರತಿಶತದವರೆಗೆ ಸೀಟು ಮೀಸಲಿಡುತ್ತವೆ. ಬ್ರೈಟನ್‌ನಲ್ಲಿ 2008ರಿಂದ ಕ್ಯಾಚ್‌ಮೆಂಟ್ ಒಳಗೆ ಲಾಟರಿ ಎತ್ತುವ ಪದ್ಧತಿ ಬಂದಿದೆ.

ದೂರ ಅಳೆಯುವ ಬಗೆಯನ್ನು ವಿಶೇಷವಾಗಿ ಗಮನಿಸಿ. ಎಷ್ಟೋ ಕಡೆ ಮನೆಯಿಂದ ಶಾಲೆಗೆ ಕಂಪ್ಯೂಟರಿನಲ್ಲಿ ನೇರ ಗೆರೆ ಎಳೆಯುತ್ತಾರೆ, ಕೆಲವು ಕಡೆ ನಡೆಯುವ ದಾರಿ ಅಳೆಯುತ್ತಾರೆ. ನಡುವೆ ರೈಲು ಹಳಿಯೋ ನದಿಯೋ ಇದ್ದರೆ ಎರಡಕ್ಕೂ ಅಜಗಜಾಂತರ. ಹಿಂದಿನ ವರ್ಷ ಕೊನೆಯ ಸೀಟು ಎಷ್ಟು ದೂರದ ಮನೆಗೆ ಸಿಕ್ಕಿತು ಎಂಬ ಅಂಕಿ ಕೌನ್ಸಿಲ್‌ನಲ್ಲಿ ಸಿಗುತ್ತದೆ. ಹಿಂದಿನ ಮೂರು ವರ್ಷದ್ದನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಮನೆ ಆ ಅಂಕಿಯ ಅಂಚಿನಲ್ಲಿದ್ದರೆ ಆ ಶಾಲೆಯನ್ನು ನಂಬಿ ಕೂರಬೇಡಿ. ಒಂದೇ ವರ್ಷದಲ್ಲಿ ತಮ್ಮ ತಂಗಿಯರ ಸಂಖ್ಯೆ ಹೆಚ್ಚಿದರೂ ಸಾಕು, ಗೆರೆ ಒಳಕ್ಕೆ ಸರಿಯುತ್ತದೆ. ಸೀಟಿಗಾಗಿ ಬೇರೆಯವರ ವಿಳಾಸ ಕೊಡುವ ಯೋಚನೆಯಂತೂ ಬೇಡ. ಸುಳ್ಳೆಂದು ಗೊತ್ತಾದರೆ ಕೊಟ್ಟ ಸೀಟನ್ನು ವಾಪಸು ತೆಗೆದುಕೊಳ್ಳುತ್ತಾರೆ.

ವರದಿ ಮತ್ತು ಅಂಕಿಗಳು

ಶಾಲೆಗಳನ್ನು ತಪಾಸಣೆ ಮಾಡುವ ಸಂಸ್ಥೆ ಆಫ್‌ಸ್ಟೆಡ್. ಗೇಟಿಗೆ ಕಟ್ಟಿದ 'ಔಟ್‌ಸ್ಟ್ಯಾಂಡಿಂಗ್' ಬ್ಯಾನರ್ ನೋಡಿ ಮರುಳಾಗಬೇಡಿ, ಅದರ ವರ್ಷ ನೋಡಿ. ಇಡೀ ಶಾಲೆಗೆ ಒಂದೇ ಪದದ ತೀರ್ಪು ಕೊಡುವುದನ್ನು 2024ರ ಸೆಪ್ಟೆಂಬರಿನಲ್ಲೇ ಕೈಬಿಟ್ಟರು. 2025ರ ನವೆಂಬರಿನಿಂದ ಬೇರೆ ಬೇರೆ ಅಂಶಗಳಿಗೆ ಐದು ಹಂತಗಳಲ್ಲಿ ಅಳೆಯುವ ರಿಪೋರ್ಟ್ ಕಾರ್ಡ್ ಬಂದಿದೆ. ಹಾಜರಾತಿ ಮತ್ತು ವರ್ತನೆ, ವಿಶೇಷ ಅಗತ್ಯದ ಮಕ್ಕಳ ಸೇರ್ಪಡೆ, ಈ ಎರಡು ಭಾಗಗಳನ್ನು ನಾನು ಮೊದಲು ಓದುತ್ತೇನೆ. ದೊಡ್ಡ ಶಾಲೆಯ ನಿಜವಾದ ಕಷ್ಟ ಬಯಲಾಗುವುದು ಅಲ್ಲೇ.

ಜಿಸಿಎಸ್‌ಇ (ಹದಿನಾರರ ವಯಸ್ಸಿನಲ್ಲಿ ಬರೆಯುವ ಪರೀಕ್ಷೆ) ಅಂಕ 9ರಿಂದ 1ರವರೆಗೆ. 4 ಬಂದರೆ ಪಾಸು, 5 ಎಂದರೆ ಗಟ್ಟಿ ಪಾಸು. ಬರೀ ಅಂಕಕ್ಕಿಂತ, ಹನ್ನೊಂದರ ವಯಸ್ಸಿನಲ್ಲಿ ಒಳಬಂದ ಮಗು ಹದಿನಾರರ ಹೊತ್ತಿಗೆ ಎಷ್ಟು ಮುಂದೆ ಹೋಯಿತು ಎಂದು ಅಳೆಯುವ 'ಪ್ರೋಗ್ರೆಸ್ 8' ಹೆಚ್ಚು ನ್ಯಾಯವಾದದ್ದು. ಆದರೆ ಕೋವಿಡ್‌ನಿಂದಾಗಿ 2020, 2021ರಲ್ಲಿ ಇಯರ್ 6ರ ಪರೀಕ್ಷೆಗಳೇ ನಡೆಯಲಿಲ್ಲ. ಹಾಗಾಗಿ 2025 ಮತ್ತು 2026ರ ಫಲಿತಾಂಶಕ್ಕೆ ಈ ಅಳತೆಯಿಲ್ಲ. 2024ರದ್ದನ್ನು ನೋಡಿ, ಹಳೆಯದೆಂಬ ಎಚ್ಚರವಿರಲಿ.

ಶಾಲೆಗೆ ಎರಡು ಸಲ ಹೋಗಿ

ಓಪನ್ ಈವ್ನಿಂಗ್ ಎಂದರೆ ಮದುವೆ ಮನೆ. ಎಲ್ಲರೂ ಚೆನ್ನಾಗಿಯೇ ಇರುತ್ತಾರೆ. ಅದಕ್ಕೆ ಹೋಗಿ ಬನ್ನಿ, ಆದರೆ ತರಗತಿ ನಡೆಯುವ ದಿನ ನೋಡಲು ಬರಬಹುದೇ ಎಂದು ಆಫೀಸಿಗೆ ಫೋನ್ ಮಾಡಿ ಕೇಳಿ. ಬಹಳ ಶಾಲೆಗಳು ಒಪ್ಪುತ್ತವೆ.

ನಾವು ಹಾಗೆ ಹೋದದ್ದು ಒಂದು ಮಂಗಳವಾರ. ಸರಿಯಾಗಿ ಪೀರಿಯಡ್ ಬದಲಾಗುವ ಹೊತ್ತಿಗೆ ಕಾರಿಡಾರಿನಲ್ಲಿದ್ದೆವು. ಬೆಲ್ ಹೊಡೆಯಿತು. ಎರಡೂ ಕಡೆಯ ಬಾಗಿಲುಗಳಿಂದ ಮಕ್ಕಳು ಅಣೆಕಟ್ಟೆಯ ಗೇಟು ತೆಗೆದ ಹಾಗೆ ನುಗ್ಗಿದರು, ಬೆನ್ನಿಗೆ ಅಷ್ಟಗಲದ ಬ್ಯಾಗು. ಆದರೆ ಎಲ್ಲರೂ ಎಡಕ್ಕೇ ನಡೆಯುತ್ತಿದ್ದರು. ಪ್ರತಿ ತರಗತಿಯ ಬಾಗಿಲಲ್ಲೂ ಒಬ್ಬ ಟೀಚರ್ ಹೊರಗೆ ಬಂದು ನಿಂತು, ಒಳಗೆ ಹೋಗುವವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ನಾಲ್ಕು ನಿಮಿಷಕ್ಕೆ ಕಾರಿಡಾರು ಖಾಲಿ. ಹಿಂದಿನ ವಾರ ನೋಡಿದ ಇನ್ನೊಂದು ಶಾಲೆಯಲ್ಲಿ ಅದೇ ಹೊತ್ತಿಗೆ ಬಾಗಿಲುಗಳಲ್ಲಿ ಯಾರೂ ಇರಲಿಲ್ಲ. ಒಬ್ಬ ಪುಟ್ಟ ಹುಡುಗ ಗೋಡೆಗೆ ಅಂಟಿಕೊಂಡು ಗುಂಪು ಕರಗುವುದನ್ನೇ ಕಾಯುತ್ತಿದ್ದ. ಎರಡೂ ಶಾಲೆಯ ಅಂಕ ಹೆಚ್ಚುಕಡಿಮೆ ಒಂದೇ.

ಶಾಲೆ ತೋರಿಸಲು ಬರುವ ವಿದ್ಯಾರ್ಥಿಯನ್ನು ಕೇಳಿ: ಮಧ್ಯಾಹ್ನ ಊಟಕ್ಕೆ ಎಲ್ಲಿ ಕೂರುತ್ತೀಯ? ಕ್ಯೂ ಎಷ್ಟುದ್ದ? ಪಾಠದ ಮಧ್ಯೆ ಟಾಯ್ಲೆಟ್‌ಗೆ ಬಿಡುತ್ತಾರಾ? ಯಾರಾದರೂ ಕಾಟ ಕೊಟ್ಟರೆ ನೀನು ಯಾರ ಹತ್ತಿರ ಹೋಗ್ತೀಯ? ಕೊನೆಯ ಪ್ರಶ್ನೆಗೆ ಮಗು ಒಬ್ಬರ ಹೆಸರು ಹೇಳಿದರೆ ಒಳ್ಳೆಯ ಲಕ್ಷಣ. "ಆಫೀಸಿಗೆ" ಎಂದರೆ ಇನ್ನಷ್ಟು ವಿಚಾರಿಸಿ.

ಹೆಡ್ ಆಫ್ ಇಯರ್ ಅವರನ್ನು ಕೇಳಬೇಕಾದದ್ದು ಬೇರೆ. ಫಾರ್ಮ್ ಟ್ಯೂಟರ್ (ಕ್ಲಾಸ್ ಟೀಚರ್) ದಿನಾ ಮಕ್ಕಳನ್ನು ನೋಡುತ್ತಾರಾ, ಐದು ವರ್ಷವೂ ಅವರೇ ಇರುತ್ತಾರಾ, ಪ್ರತಿ ವರ್ಷ ಬದಲಾಗುತ್ತಾರಾ? ಇಯರ್ 7ಕ್ಕೆ ಪ್ರತ್ಯೇಕ ಅಂಗಳವೋ ಊಟದ ಸಮಯವೋ ಇದೆಯಾ? ಗಣಿತದಲ್ಲಿ ಕಲಿಕೆಯ ಮಟ್ಟ ನೋಡಿ ಸೆಟ್‌ಗಳನ್ನು ಯಾವಾಗ ಮಾಡುತ್ತಾರೆ, ಕೆಳಗಿನ ಸೆಟ್ಟಿನಿಂದ ಮೇಲಕ್ಕೆ ಬರುವ ದಾರಿ ನಿಜಕ್ಕೂ ಇದೆಯಾ? ಪ್ರಾಸ್ಪೆಕ್ಟಸ್‌ನಲ್ಲಿರುವ ಐಚ್ಛಿಕ ವಿಷಯಗಳಲ್ಲಿ ಹೋದ ವರ್ಷ ಎಷ್ಟು ನಡೆದವು? ಮಗುವಿಗೆ ಕಲಿಕೆಯ ತೊಂದರೆ ಇದ್ದರೆ ಅಂಥ ಮಕ್ಕಳನ್ನು ನೋಡಿಕೊಳ್ಳುವ ಟೀಚರಾದ ಸೆನ್ಕೊ ಅವರನ್ನೇ ಪ್ರತ್ಯೇಕವಾಗಿ ಭೇಟಿಯಾಗಿ. ಅವರಿಗೆ ಸಮಯವೇ ಇಲ್ಲವೆಂದರೆ ಅದನ್ನೂ ಒಂದು ಉತ್ತರವೆಂದೇ ತಿಳಿಯಿರಿ.

ಭಾಷೆಯ ಬಗ್ಗೆ ನಮ್ಮವರು ಕೇಳುವುದುಂಟು. ಗುಜರಾತಿ, ಪಂಜಾಬಿ, ಬಂಗಾಳಿ, ಉರ್ದುವಿಗೆ ಜಿಸಿಎಸ್‌ಇ ಇದೆ, ಕನ್ನಡಕ್ಕೆ ಇಲ್ಲ. ಕನ್ನಡವನ್ನು ಮನೆಯಲ್ಲೋ ವಾರಾಂತ್ಯದ ಕನ್ನಡ ಶಾಲೆಯಲ್ಲೋ ಕಲಿಸಬೇಕು.

ಹೋಗಿಬರುವ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ನವೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಹತ್ತಿರದ ತಕ್ಕ ಶಾಲೆಯೇ 3 ಮೈಲಿಗಿಂತ ದೂರವಿದ್ದರೆ ಕೌನ್ಸಿಲ್ ಉಚಿತ ವಾಹನದ ಏರ್ಪಾಡು ಮಾಡಬೇಕು. ಹತ್ತಿರದ್ದನ್ನು ಬಿಟ್ಟು ದೂರದ್ದನ್ನು ನೀವಾಗಿ ಆರಿಸಿದರೆ ಖರ್ಚು ಸಾಮಾನ್ಯವಾಗಿ ನಿಮ್ಮದೇ.

ಅರ್ಜಿ ತುಂಬುವಾಗ

ಕೌನ್ಸಿಲ್‌ಗಳು ಕನಿಷ್ಠ ಮೂರು ಶಾಲೆ ಬರೆಯಲು ಅವಕಾಶ ಕೊಡುತ್ತವೆ, ಲಂಡನ್ನಿನಲ್ಲಿ ಆರು. ಎಷ್ಟು ಜಾಗವಿದೆಯೋ ಅಷ್ಟನ್ನೂ ತುಂಬಿ. ನಿಜವಾಗಿ ಹೆಚ್ಚು ಇಷ್ಟವಾದದ್ದನ್ನೇ ಮೊದಲು ಬರೆಯಿರಿ. ನೀವು ಅವರನ್ನು ಎಷ್ಟನೆಯ ಸ್ಥಾನದಲ್ಲಿಟ್ಟಿದ್ದೀರಿ ಎಂಬುದು ಶಾಲೆಗೆ ತಿಳಿಯುವುದಿಲ್ಲ. ಪ್ರತಿ ಶಾಲೆಯೂ ತನ್ನ ನಿಯಮದಂತೆ ಮಕ್ಕಳ ಪಟ್ಟಿ ಮಾಡುತ್ತದೆ. ಒಂದಕ್ಕಿಂತ ಹೆಚ್ಚು ಕಡೆ ನಿಮ್ಮ ಮಗುವಿಗೆ ಜಾಗ ಬಂದರೆ, ಅವುಗಳಲ್ಲಿ ನೀವು ಮೇಲೆ ಬರೆದದ್ದನ್ನು ಕೌನ್ಸಿಲ್ ಕೊಡುತ್ತದೆ. ಹಾಗಾಗಿ ಆಸೆಯ ಶಾಲೆಯನ್ನು ಮೊದಲಿಟ್ಟರೆ ಎರಡನೆಯದು ಕೈತಪ್ಪುವುದಿಲ್ಲ.

ನಮ್ಮ ಸ್ನೇಹಿತರ ಕುಟುಂಬವೊಂದು ಒಂದೇ ಶಾಲೆ ಬರೆದು ಉಳಿದ ಜಾಗಗಳನ್ನು ಖಾಲಿ ಬಿಟ್ಟಿತ್ತು. ಹಾಗೆ ಬರೆದರೆ ತಮ್ಮ ನಿಷ್ಠೆ ಅವರಿಗೆ ತಿಳಿಯುತ್ತದೆ ಎಂದುಕೊಂಡಿದ್ದರು. ಆ ಶಾಲೆ ಸಿಗಲಿಲ್ಲ. ಮನೆಯಿಂದ ಕೂಗಳತೆಯಲ್ಲಿದ್ದ ಇನ್ನೊಂದು ಶಾಲೆಯನ್ನು ಅವರು ಬರೆದೇ ಇರಲಿಲ್ಲ, ಅದೂ ಅಷ್ಟರಲ್ಲಿ ತುಂಬಿತ್ತು. ಕೊನೆಗೆ ಸೀಟು ಉಳಿದಿದ್ದ, ಎರಡು ಬಸ್ ಹಿಡಿಯಬೇಕಾದ ಶಾಲೆ ಬಂತು. ಆ ತಾಯಿ ಫೋನಿನಲ್ಲಿ ಅತ್ತದ್ದು ಇನ್ನೂ ಕಿವಿಯಲ್ಲಿದೆ. ಖಂಡಿತ ಸಿಗುವಂಥ, ಹೇಗೋ ಒಪ್ಪಿಕೊಳ್ಳಬಹುದಾದ ಒಂದು ಹತ್ತಿರದ ಶಾಲೆ ಪಟ್ಟಿಯ ಕೊನೆಯಲ್ಲಿ ಇರಲೇಬೇಕು.

ಮಾರ್ಚ್ ಒಂದರ ನಂತರ

ಬಂದ ಸೀಟು ಇಷ್ಟವಿಲ್ಲದಿದ್ದರೂ ಒಪ್ಪಿಕೊಳ್ಳಿ. ಒಪ್ಪಿಕೊಂಡೇ ಬೇರೆ ಶಾಲೆಯ ವೇಟಿಂಗ್ ಲಿಸ್ಟಿನಲ್ಲಿ ಇರಬಹುದು, ಮೇಲ್ಮನವಿಯನ್ನೂ ಹಾಕಬಹುದು. ವೇಟಿಂಗ್ ಲಿಸ್ಟ್ ಡಿಸೆಂಬರ್ 31ರವರೆಗಾದರೂ ಇರುತ್ತದೆ. ಅದರ ಕ್ರಮವೂ ಪ್ರವೇಶ ನಿಯಮದಂತೆಯೇ, ಮೊದಲು ಬಂದವರಿಗೆ ಮೊದಲು ಎಂದಲ್ಲ. ಶಾಲೆಗೆ ಇನ್ನೂ ಹತ್ತಿರದವರು ಸೇರಿಕೊಂಡರೆ ನೀವು ಕೆಳಗಿಳಿಯುತ್ತೀರಿ. ಮೇಲ್ಮನವಿಗೆ ಕನಿಷ್ಠ 20 ಶಾಲಾ ದಿನಗಳ ಗಡುವು ಕೊಡುತ್ತಾರೆ, ಕೇಳುವುದು ಸ್ವತಂತ್ರ ಸಮಿತಿ. ಬರೀ "ಇದು ಒಳ್ಳೆಯ ಶಾಲೆ" ಎನ್ನುವ ವಾದ ಅಲ್ಲಿ ನಿಲ್ಲುವುದಿಲ್ಲ. ನಿಮ್ಮ ಮಗುವಿಗೆ ಇದೇ ಶಾಲೆ ಏಕೆ ಬೇಕು ಎಂಬುದಕ್ಕೆ ಕಾಗದ ಪತ್ರ ಬೇಕು.

ಕೆಲಸದ ಮೇಲೆ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ವರ್ಷದ ನಡುವೆ ಬರುವವರಿಗೆ 'ಇನ್-ಇಯರ್' ಅರ್ಜಿ ಇದೆ. ಅರ್ಜಿ ಬಂದ 15 ಶಾಲಾ ದಿನಗಳೊಳಗೆ ಉತ್ತರ ಕೊಡಬೇಕೆಂಬ ನಿಯಮವಿದೆ. ವೀಸಾದಲ್ಲಿ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್' (ಸರ್ಕಾರಿ ನೆರವಿಗೆ ಅರ್ಹರಲ್ಲ) ಎಂದಿರುವುದನ್ನು ನೋಡಿ ಹೆದರಬೇಡಿ, ಸರ್ಕಾರಿ ಶಾಲೆಯ ಓದು ಅದರಲ್ಲಿ ಸೇರಿಲ್ಲ. ಮನೆ ಬಾಡಿಗೆಗೆ ಸಹಿ ಹಾಕುವ ಮುನ್ನ ನಿಮ್ಮ ಮಗುವಿನ ಇಯರ್‌ನಲ್ಲಿ ಯಾವ ಶಾಲೆಯಲ್ಲಿ ಜಾಗ ಖಾಲಿಯಿದೆ ಎಂದು ಕೌನ್ಸಿಲ್‌ಗೆ ಒಂದು ಫೋನ್ ಮಾಡಿ. ಇದನ್ನು ಮಾಡದೆ ಮೊದಲು ಮನೆ ಹಿಡಿದು ಆಮೇಲೆ ಪರದಾಡಿದವರನ್ನು ಬಹಳ ಕಂಡಿದ್ದೇನೆ.

ಸೀಟು ಗಟ್ಟಿಯಾದ ಮೇಲೆ, ಬೇಸಿಗೆ ರಜೆಗೆ ಮುಂಚೆ ಹೊಸ ಶಾಲೆಯಲ್ಲಿ ಮಕ್ಕಳಿಗೊಂದು ಪರಿಚಯದ ದಿನ ಇರುತ್ತದೆ. ಅದಕ್ಕೂ ಮುಂಚೆ ಮನೆಗೆ ಬರುವ ಫಾರ್ಮಿನಲ್ಲಿ ಮಗುವಿನ ಗೆಳತಿಯರು, ಭಯಗಳು, ಆಹಾರ ಎಲ್ಲವನ್ನೂ ಬರೆಯಿರಿ. ಹೆಸರನ್ನು ಉಚ್ಚರಿಸುವುದು ಹೇಗೆಂದೂ ಬರೆಯಿರಿ. ನಾವು ಮಗಳ ಹೆಸರನ್ನು ಮೂರು ತುಂಡು ಮಾಡಿ, ಯಾವುದನ್ನು ಒತ್ತಿ ಹೇಳಬೇಕೆಂದು ಗೆರೆ ಎಳೆದು ಕೊಟ್ಟಿದ್ದೆವು. ಸೆಪ್ಟೆಂಬರಿನ ಮೊದಲ ದಿನ ಫಾರ್ಮ್ ಟ್ಯೂಟರ್ ಹಾಜರಿ ಕರೆಯುವಾಗ ಅವಳ ಹೆಸರಿಗೆ ಬಂದು ಒಂದು ಕ್ಷಣ ನಿಂತರಂತೆ, ಆಮೇಲೆ ಸರಿಯಾಗಿ ಕರೆದರಂತೆ. ಸಂಜೆ ಬಾಗಿಲು ತೆಗೆದ ಕೂಡಲೇ ಅವಳು ಹೇಳಿದ ಮೊದಲ ಮಾತು ಅದು.