ಮಾತಿನ ಡಿಗ್ರಿ: ಪುಸ್ತಕ ಇಂಗ್ಲಿಷಿನದು, ಬರುವವರು ಕನ್ನಡದವರು

ಬಿಎಎಸ್‌ಎಲ್‌ಪಿ ಅಂದರೇನು ಅಂತ ನಮ್ಮ ನೆಂಟರಿಗೆ ಇವತ್ತಿಗೂ ಹೇಳಿ ಮುಗಿದಿಲ್ಲ. ಬ್ಯಾಚುಲರ್ ಆಫ್ ಆಡಿಯಾಲಜಿ ಅಂಡ್ ಸ್ಪೀಚ್ ಲ್ಯಾಂಗ್ವೇಜ್ ಪೆಥಾಲಜಿ. ಕಿವಿ ಎಷ್ಟು ಕೇಳುತ್ತದೆ ಅಂತ ಅಳೆಯುವುದು, ಮಾತಿನಲ್ಲಿ ತೊಂದರೆ ಇದ್ದರೆ ಥೆರಪಿ ಕೊಡುವುದು, ಎರಡನ್ನೂ ಕಲಿಸುವ ಡಿಗ್ರಿ. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ನಾನು ಓದಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ ಅದು. ಒಳಗಿನವರು ಆಯಿಷ್ ಅನ್ನುತ್ತಾರೆ. ಆಟೋದವರಿಗೆ ‘ಸ್ಪೀಚ್ ಅಂಡ್ ಹಿಯರಿಂಗ್’ ಅಂದರೆ ಸಾಕು.

ಮೊದಲ ವರ್ಷದ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಗಂಟಲು, ನಾಲಿಗೆ, ಒಳಕಿವಿಯ ಚಿತ್ರ ಬರೆದೂ ಬರೆದೂ ಕೈ ನೋಯುತ್ತದೆ ಅಷ್ಟೇ. ಮಜಾ ಇದ್ದದ್ದು ಧ್ವನಿವಿಜ್ಞಾನದ ಕ್ಲಾಸಿನಲ್ಲಿ. ಕೇಳಿದ ಮಾತನ್ನು ಐಪಿಎ ಚಿಹ್ನೆಯಲ್ಲಿ, ಅಂದರೆ ಯಾವ ಭಾಷೆಯ ಸದ್ದನ್ನಾದರೂ ಬರೆಯಲು ಇರುವ ಅಂತರರಾಷ್ಟ್ರೀಯ ಲಿಪಿಯಲ್ಲಿ, ಬರೆಯಬೇಕು. ಕೇರಳದ ಗೆಳತಿಯರಿಗೆ ನಮ್ಮ ‘ಳ’ ನೀರು ಕುಡಿದಷ್ಟು ಸುಲಭ. ಉತ್ತರದಿಂದ ಬಂದವನೊಬ್ಬನಿಗೆ ಹಲ್ಲಿಯೂ ಹಳ್ಳಿಯೂ ಒಂದೇ.

ಪ್ರಾಟ್ ಅಂತ ದನಿಯನ್ನು ಚಿತ್ರವಾಗಿ ತೋರಿಸುವ ಒಂದು ಸಾಫ್ಟ್‌ವೇರ್ ಇದೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದವರು ಮಾಡಿದ್ದು, ಪುಕ್ಕಟೆ ಸಿಗುತ್ತದೆ. ಅದರಲ್ಲಿ ನನ್ನದೇ ದನಿಯಲ್ಲಿ ‘ಕತೆ’, ‘ಕತ್ತೆ’ ರೆಕಾರ್ಡ್ ಮಾಡಿ ನೋಡಿದೆ. ಎರಡರ ನಡುವೆ ಎದ್ದು ಕಾಣುವ ವ್ಯತ್ಯಾಸ ಸದ್ದಿನದಲ್ಲ, ಸದ್ದಿಲ್ಲದ ಜಾಗದ್ದು. ನಾಲಿಗೆ ಹಲ್ಲಿಗೆ ಒತ್ತಿ ನಿಂತಿರುವ ಆ ಖಾಲಿ ಪಟ್ಟಿ ‘ಕತ್ತೆ’ಯಲ್ಲಿ ಚೆನ್ನಾಗಿ ಉದ್ದ ಇರುತ್ತದೆ. ಒತ್ತಕ್ಷರ ಅಂದರೆ ಇದೇ. ನಾವು ಓದುತ್ತಿದ್ದ ಪಠ್ಯಪುಸ್ತಕದಲ್ಲಿ ಈ ಮಾತು ಇರಲಿಲ್ಲ. ಇಂಗ್ಲಿಷಿಗೆ ಅದರ ಅಗತ್ಯ ಇಲ್ಲವಲ್ಲ! ಆದರೆ ಹಿಯರಿಂಗ್ ಏಡ್ ಹಾಕಿಕೊಂಡ ಮಂಡ್ಯದ ಮಗುವಿಗೆ ಕತೆ ಬೇರೆ, ಕತ್ತೆ ಬೇರೆ ಅಂತ ಕೇಳಿಸಲೇಬೇಕು.

ಕ್ಲಿನಿಕ್ ಪೋಸ್ಟಿಂಗ್ ಶುರುವಾದ ಮೇಲೆ ಈ ತೊಡಕು ದಿನದಿನದ ಕೆಲಸವೇ ಆಯಿತು. ಪುಸ್ತಕದಲ್ಲಿ ರ‍್ಯಾಬಿಟ್ (ಮೊಲ), ಥಂಬ್ (ಹೆಬ್ಬೆರಳು) ಅಂತ ಎಲ್ಲ ಇಂಗ್ಲಿಷ್ ಸದ್ದಿಗೆ ತಕ್ಕ ಪದಗಳು. ಎದುರಿಗೆ ಕೂತ ಹುಡುಗ ಕಾಗೆಗೆ ‘ತಾದೆ’ ಅನ್ನುತ್ತಾನೆ. ‘ಕ’ ಬದಲು ‘ತ’, ‘ಗ’ ಬದಲು ‘ದ’. ನಾಲಿಗೆಯ ಹಿಂಭಾಗ ಏಳಬೇಕಾದ ಕಡೆ ತುದಿ ಏಳುತ್ತಿದೆ. ಅವನ ಅಜ್ಜಿಗೆ ಅದು ಮುದ್ದು. ‘ತಾದೆ ಬಂತು ನೋಡು ಪುಟ್ಟ’ ಅಂತ ಅವರೂ ಅದನ್ನೇ ಹೇಳಿಕೊಡುತ್ತಿದ್ದರು.

ಆಗ ನಾನು ಒಂದು ನೂರು ಪುಟದ ನೋಟ್‌ಬುಕ್ ಇಟ್ಟೆ. ಒಂದೇ ಸದ್ದು ಬದಲಾದರೆ ಅರ್ಥ ಬದಲಾಗುವ ಕನ್ನಡದ ಜೋಡಿಗಳು, ಅದೂ ಚಿತ್ರ ಬರೆಯಲು ಆಗುವಂಥವು. ಕಾಯಿ–ತಾಯಿ, ಕಟ್ಟೆ–ತಟ್ಟೆ, ಬಲೆ–ಬಳೆ, ಹುಲಿ–ಹುಳಿ. ಹುಳಿಗೆ ಹುಣಸೆಹಣ್ಣಿನ ಚಿತ್ರ. ‘ತಾದೆ’ ಹುಡುಗನಿಗೆ ಮೊದಲು ಬಾಯಿಗೆ ನೀರು ಹಾಕಿ ಗಳಗಳ ಮಾಡಿಸುವುದು. ಆಗ ನಾಲಿಗೆಯ ಹಿಂಭಾಗ ತಾನೇ ಕೆಲಸಕ್ಕೆ ಬರುತ್ತದೆ. ಆಮೇಲೆ ಕಾಯಿ–ತಾಯಿ ಆಟ. ಅವನು ‘ತಾಯಿ ಕೊಡಿ’ ಅಂದರೆ ನಾನು ಅಮ್ಮನ ಚಿತ್ರ ಕೊಡುತ್ತಿದ್ದೆ. ಅವನಿಗೆ ಬೇಕಿದ್ದದ್ದು ತೆಂಗಿನಕಾಯಿ. ಸಿಟ್ಟು ಬಂದು ಕುತ್ತಿಗೆಯ ನರ ಉಬ್ಬಿಸಿ ‘ಖ್ಖಾಯಿ’ ಅಂದ. ಅಜ್ಜಿ ಚಪ್ಪಾಳೆ ತಟ್ಟಿದರು.

ಇನ್ನೊಂದು ವಿಷಯ. ಮೈಸೂರು, ಮಂಡ್ಯ ಕಡೆ ಹಾಲಿಗೆ ‘ಆಲು’ ಅನ್ನುವವರು ಬೇಕಾದಷ್ಟು ಜನ. ‘ಹ’ ಬಿಟ್ಟ ಮಗುವಿನ ಶೀಟಿನಲ್ಲಿ ಸುಮ್ನೆ ತಪ್ಪು ಅಂತ ಗುರುತು ಹಾಕಿದರೆ ಇಡೀ ಊರಿಗೇ ಥೆರಪಿ ಕೊಡಬೇಕಾಗುತ್ತದೆ. ಹಾಗಾಗಿ ಮಗುವಿನ ಪರೀಕ್ಷೆಗೆ ಮುಂಚೆ ಅಪ್ಪ ಅಮ್ಮನನ್ನು ಐದು ನಿಮಿಷ ಮಾತಾಡಿಸುತ್ತೇನೆ. ಮನೆಯಲ್ಲಿ ಯಾವ ಕನ್ನಡ ಇದೆಯೋ ಅದೇ ಅಳತೆಗೋಲು. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ.

ದೊಡ್ಡವರ ಕೇಸುಗಳಲ್ಲಿ ಬೇರೆಯದೇ ಪಾಠ. ಲಕ್ವ ಹೊಡೆದು ಮಾತು ನಿಂತಿದ್ದ ಹಿರಿಯರೊಬ್ಬರು ಬರುತ್ತಿದ್ದರು. ಲೋಟ ತೋರಿಸಿ ಇದೇನು ಅಂದರೆ ತುಟಿ ಅಲ್ಲಾಡುತ್ತಿತ್ತು, ಪದ ಬರುತ್ತಿರಲಿಲ್ಲ. ಇವತ್ತು ಯಾವ ವಾರ ಅಂದರೂ ಅಷ್ಟೇ. ಆದರೆ ನಾನು ‘ಭಾನುವಾರ’ ಅಂತ ಎತ್ತಿಕೊಟ್ಟರೆ ಶನಿವಾರದವರೆಗೂ ಸರಾಗ. ಬಾಯಿಪಾಠ ಆದ ಮಾತು ಇಂಥವರಲ್ಲಿ ಎಷ್ಟೋ ಸಲ ಉಳಿದಿರುತ್ತದೆ. ಬರಬರುತ್ತಾ ಅವರೇ ಉಪಾಯ ಕಂಡುಕೊಂಡರು. ಬೆರಳು ಮಡಚುತ್ತಾ ಭಾನುವಾರದಿಂದ ಪಿಸುಗುಟ್ಟಿಕೊಂಡು ಬಂದು, ಸರಿಯಾದ ದಿನಕ್ಕೆ ದನಿ ಏರಿಸಿ ನಿಲ್ಲಿಸುತ್ತಿದ್ದರು. ಅಂದಿನಿಂದ ಕೇಸ್ ಹಿಸ್ಟರಿ ಬರೆಯುವಾಗ ಮನೆಯವರನ್ನು ಒಂದು ಪ್ರಶ್ನೆ ತಪ್ಪದೆ ಕೇಳುತ್ತೇನೆ: ಇವರಿಗೆ ಬಾಯಿಪಾಠ ಏನಿದೆ? ಒಬ್ಬರಿಗೆ ಮಗ್ಗಿ, ಒಬ್ಬರಿಗೆ ದೇವರನಾಮ, ಚಾಮರಾಜನಗರ ಕಡೆಯವರಿಗೆ ಮಾದಪ್ಪನ ಪದ. ಥೆರಪಿ ಅಲ್ಲಿಂದ ಹಿಡಿದರೆ ಹಾದಿ ಸಲೀಸು.

ಆಡಿಯಾಲಜಿ ಕಡೆ ಯಂತ್ರದ ಕೆಲಸ ಜಾಸ್ತಿ. ಹೊರಗಿನ ಸದ್ದು ಹೊಗದ ಕೋಣೆ, ಹೆಡ್‌ಫೋನ್, 250ರಿಂದ 8000 ಹರ್ಟ್ಸ್‌ವರೆಗಿನ ದನಿಗಳು. ಕಿವಿ ಎಷ್ಟು ಕೇಳುತ್ತದೆ ಅಂತ ತೋರಿಸುವ ನಕ್ಷೆಯಾದ ಆಡಿಯೋಗ್ರಾಂನಲ್ಲಿ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ ಚಿಹ್ನೆ. ‘ಮಗು ಮಾತಾಡ್ತಿಲ್ಲ ಡಾಕ್ಟ್ರೇ, ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದೂ ಆಯ್ತು’ ಅಂತ ಬರುವವರು ಇದ್ದೇ ಇರುತ್ತಾರೆ. ನಾನು ಡಾಕ್ಟರ್ ಅಲ್ಲ ಅಂದರೆ ಕೇಳುವುದಿಲ್ಲ. ಬೈಯಲು ಹೋಗುವುದಿಲ್ಲ, ಮೊದಲು ಕಿವಿ ಪರೀಕ್ಷೆಗೆ ಕಳಿಸುತ್ತೇನೆ. ಕೇಳದೇ ಇರುವ ಮಗು ಮಾತು ಕಲಿಯುವುದು ಹೇಗೆ, ಅಲ್ವಾ?

ಈ ಡಿಗ್ರಿಗೆ ಸೇರಬೇಕು ಅನ್ನುವವರಿಗೆ ಎರಡು ಮಾತು. ಪಿಯುಸಿಯಲ್ಲಿ ವಿಜ್ಞಾನ ಬೇಕು, ಆಯಿಷ್‌ಗಾದರೆ ಪ್ರವೇಶ ಪರೀಕ್ಷೆಯೂ ಇದೆ. ಸೇರುವ ಮುಂಚೆ ಆ ಕಾಲೇಜಿಗೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ ಮಾನ್ಯತೆ ಇದೆಯಾ ನೋಡಿಕೊಳ್ಳಿ. ಕೋರ್ಸ್ ಮುಗಿದ ಮೇಲೆ ಆ ಕೌನ್ಸಿಲ್‌ನಲ್ಲಿ ನೋಂದಣಿ ಇಲ್ಲದೆ ಪ್ರಾಕ್ಟೀಸ್ ಮಾಡುವಂತಿಲ್ಲ. ಆಸ್ಪತ್ರೆ, ವಿಶೇಷ ಶಾಲೆ, ಹಿಯರಿಂಗ್ ಏಡ್ ಕ್ಲಿನಿಕ್, ಎಲ್ಲ ಕಡೆ ಮೊದಲು ಕೇಳುವುದೇ ಆ ನಂಬರು. ಎಂಎಸ್ಸಿಗೆ ಬಂದರೆ ಆಡಿಯಾಲಜಿ, ಸ್ಪೀಚ್ ಎರಡೂ ಬೇರೆ ಬೇರೆ ದಾರಿ. ನಾನು ಸ್ಪೀಚ್ ಹಿಡಿದೆ. ನೋಟ್‌ಬುಕ್ ಈಗ ಮೂರನೆಯದು ನಡೆಯುತ್ತಿದೆ, ‘ರ’ ಸದ್ದಿಗೆ ಒಳ್ಳೆಯ ಜೋಡಿಗಳಿದ್ದರೆ ಕಳಿಸಿ.