ನಮ್ಮ ರಗ್ಬಿ ಟೀಮಲ್ಲಿ ಹೊಸ ಹುಡುಗರಿಗೆ "ಎಂಟ್ರಿ" ಕೊಡುದು ನಿಂತದ್ದು ಹೇಗೆ: ನನ್ನ ಅನುಭವ

"ಅದೆಲ್ಲ ಆಗುವ ಹೋಗುವ ಮಾತಲ್ಲ ಮಾರಾಯ" ಅಂತ ನಗಾಡಿದವರೇ ಈಗ ಫೋನ್ ಮಾಡಿ ಎಂಟ್ರಿ ಹೆಸರಿನ ರ‍್ಯಾಗಿಂಗ್ ನಿಲ್ಲಿಸ್ಲಿಕ್ಕೆ ನೀವು ಎಂತ ಮಾಡಿದ್ದು ಒಮ್ಮೆ ಹೇಳಿ ಅಂತಾರೆ. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಯ್ತು, ಹಾಗಾಗಿ ಒಂದೇ ಸಲ ಬರ್ದು ಹಾಕ್ತಿದ್ದೇನೆ. ರಕ್ ಅಂದ್ರೆ ಎಂತ, ಬ್ಯಾಗ್ ಹೇಗೆ ಹಿಡಿಯುದು ಅಂತೆಲ್ಲ ಇಲ್ಲಿ ಇಲ್ಲ, ಟೀಮ್ ನಡೆಸಿ ಕೈ ಸುಟ್ಟುಕೊಂಡವರಿಗೆ ಮಾತ್ರ ಇದು.

ನಮ್ಮದು ಸೆವೆನ್ಸ್ ಟೀಮ್, ಅಂದ್ರೆ ಒಂದು ಕಡೆ ಏಳು ಜನರ ರಗ್ಬಿ. ಅರ್ಧ ಪಿಯುಸಿ, ಡಿಗ್ರಿ ಹುಡುಗರು, ಉಳಿದವರು ಕೆಲಸಕ್ಕೆ ಹೋಗುವವರು, ಗ್ಯಾರೇಜ್, ಬಂದರು, ಕ್ಯಾಟರಿಂಗ್ ಹೀಗೆ. ಮುಕ್ಕಾಲು ಪಾಲು ಕಬಡ್ಡಿಯಿಂದ ಬಂದವರು. ಬೇಸಿಗೆಯಲ್ಲಿ ಮಂಗಳೂರಿನ ಪಣಂಬೂರು ಬೀಚಿನ ಹೊಯ್ಗೆ, ಮಳೆಗಾಲದಲ್ಲಿ ಎಲ್ಲಿ ಜಾಗ ಸಿಗ್ತದೋ ಅಲ್ಲಿ. ಎಂಟ್ರಿ ಅಂದ್ರೆ ನಿಮಗೆ ಗೊತ್ತುಂಟು, ಒಂದೊಂದು ಟೀಮಲ್ಲಿ ಒಂದೊಂದು ಹೆಸರು ಅಷ್ಟೇ. ನಮ್ಮಲ್ಲಿ ಹೊಸ ಹುಡುಗ ನಾಲ್ಕೈದು ಮೀಟರ್ ಅಗಲದ ಕೋನ್ ಗಲ್ಲಿಯಲ್ಲಿ ನಿಲ್ಲುದು, ಆಚೆಯಿಂದ ಸೀನಿಯರ್‌ಗಳು ಒಬ್ಬರ ಹಿಂದೆ ಒಬ್ಬರು ಬಾಲ್ ಹಿಡಿದು ಓಡಿ ಬರುದು, ಎಲ್ಲರನ್ನೂ ಅವ ಟ್ಯಾಕಲ್ ಮಾಡ್ಬೇಕು, ಅಂದ್ರೆ ಹಿಡಿದು ಬೀಳಿಸ್ಬೇಕು. ಮೊದಲ ಎರಡು ಮೂರು ಟ್ಯಾಕಲ್ ಚಂದ ಇರ್ತದೆ, ಆಮೇಲೆ ಸೊಂಟ ಬಗ್ಗುದಿಲ್ಲ, ಕಣ್ಣು ಮುಚ್ಚಿ ಹೋಗ್ತದೆ, ಮಂಡೆ ಹೋಗಿ ಎದುರಿನವನ ಮೊಣಕಾಲಿಗೋ ಸೊಂಟದ ಎಲುಬಿಗೋ ಬಡೀತದೆ. ಅದು ಮುಗಿದ ಮೇಲೆ ಬ್ಯಾಗ್ ಹೊರುದು, ಎಲ್ಲರ ಜೆರ್ಸಿ ತೊಳೆಯುದು, ರಾತ್ರಿ ರೈಲಲ್ಲಿ ಟೂರ್ನಮೆಂಟಿಗೆ ಹೋದ್ರೆ ಸೀಟಿದ್ರೂ ಕೆಳಗೆ ಮಲಗುದು, ಬಲವಂತದ ಬಿಯರ್, ಸಾಲಲ್ಲಿ ನಿಂತು ಚಪ್ಪಲಲ್ಲಿ ಹೊಡೆಯುವ ಚಪ್ಪಲ್ ಲೈನ್. ಇದೆಲ್ಲ ಆದವನಿಗೆ ಮಾತ್ರ ಸೀನಿಯರ್‌ಗಳು ಹೆಸರು ಹಿಡಿದು ಕರೆಯುದು.

ಇದರಲ್ಲಿ ಬ್ಯಾಗ್ ಹೊರುದಕ್ಕೆ ನನ್ನ ತಕರಾರು ಅಷ್ಟಿಲ್ಲ. ಕೋನ್ ಗಲ್ಲಿ ಮಾತ್ರ ಬೇರೆಯೇ. ಹೊರಗಿಂದ ನೋಡಿದವರಿಗೆ ಅದು ಟ್ಯಾಕಲ್ ಡ್ರಿಲ್, ನಿಲ್ಲಿಸ್ಲಿಕ್ಕೆ ಹೋದ್ರೆ "ಸರ್, ಪ್ರಾಕ್ಟೀಸ್ ಮಾಡುದು ಬೇಡ್ವಾ" ಅಂತಾರೆ. ಅಲ್ಲಿ ಪೆಟ್ಟು ತಿಂದು ಬಾಯಿ ಮುಚ್ಚಿ ಕೂತವ ಮ್ಯಾಚಲ್ಲಿ ಮಂಡೆಗೆ ಪೆಟ್ಟು ಬಿದ್ರೂ ಬಾಯಿ ಬಿಡುದಿಲ್ಲ, ಯಾಕಂದ್ರೆ ಈ ಟೀಮಲ್ಲಿ ಹೇಳಿಕೊಂಡವನೇ ಪೊಟ್ಟ, ಪೆದ್ದ ಅಂತ ಮೊದಲ ವಾರದಲ್ಲೇ ಕಲಿತಿರ್ತಾನೆ. ರ‍್ಯಾಗಿಂಗ್ ಬೇರೆ, ಸೇಫ್ಟಿ ಬೇರೆ ಅಂತ ಎರಡು ಫೈಲ್ ಮಾಡಿದವರು ಯಾರೂ ಗೆಲ್ಲುದಿಲ್ಲ, ಇದು ನಾನು ಬರ್ದು ಕೊಡ್ತೇನೆ.

ಮೊದಲು ಎಲ್ಲರೂ ಮಾಡುದನ್ನೇ ಮಾಡಿದ್ದು. ಎಂಟ್ರಿ ಕೊಡುದಿಲ್ಲ ಅಂತ ಒಂದು ಶೀಟ್ ಪ್ರಿಂಟ್ ಮಾಡಿ ಎಲ್ಲರ ಸೈನ್ ಹಾಕಿಸಿದ್ದು, ಸೈನ್ ಹಾಕಿದ ಕೈಯಲ್ಲೇ ಎಂಟ್ರಿಯನ್ನು ಗ್ರೌಂಡಿಂದ ಎತ್ತಿ ಬೀಚಲ್ಲಿ ಗಾಳಿಮರದ ಹಿಂದೆ ತಕ್ಕೊಂಡು ಹೋದ್ರು. ವಕೀಲರೊಬ್ಬರನ್ನು ಕರ್ಕೊಂಡು ಬಂದು ಕಾನೂನು ಹೇಳಿಸಿದೆ, ಯುಜಿಸಿಯ 2009ರ ನಿಯಮ, 1800-180-5522 ಸಹಾಯವಾಣಿ, 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೂ ರ‍್ಯಾಗಿಂಗಿಗೆ ಶಿಕ್ಷೆ ಉಂಟು ಅಂತ, ಎಲ್ಲ ಕೇಳಿ ಒಬ್ಬ ಎದ್ದು ನಿಂತು "ಅದು ಕಾಲೇಜಿಗಲ್ವಾ ಸರ್, ನಾವು ಕ್ಲಬ್ಬು" ಅಂದ. ಅವನ ಪಾಯಿಂಟಲ್ಲಿ ಅರ್ಥ ಇಲ್ಲದಿಲ್ಲ, ಯುಜಿಸಿ ನಿಯಮ ಕಾಲೇಜು ಯೂನಿವರ್ಸಿಟಿಗೆ ಇರುದು, ಹೊಡೆದ್ರೆ ಪೊಲೀಸ್ ಕೇಸ್ ಆಗ್ತದೆ ನಿಜ, ಆದ್ರೆ ಕೇಸ್ ಕೊಡುವವ ಯಾರು? ಹೆಸರಿಲ್ಲದೆ ದೂರು ಕೊಡ್ಲಿಕ್ಕೆ ಗೂಗಲ್ ಫಾರ್ಮ್ ಮಾಡಿದೆ, ಅದರಲ್ಲಿ ಬಂದದ್ದು ಮುಕ್ಕಾಲು ಬೈಗುಳ, ಕಾಲು ಬಿರಿಯಾನಿ ಯಾವಾಗ ಅಂತ. ಇಬ್ಬರು ಸೀನಿಯರ್‌ಗಳನ್ನು ಹೊರಗೆ ಹಾಕಿದ್ದೂ ಆಯ್ತು, ಅದರಲ್ಲೊಬ್ಬ ನಮ್ಮ ಒಬ್ಬನೇ ಒಬ್ಬ ಕಿಕ್ಕರ್, ಆ ಟೂರ್ನಮೆಂಟಲ್ಲಿ ಕನ್ವರ್ಷನ್ (ಟ್ರೈ ಸ್ಕೋರ್ ಆದ ಮೇಲೆ ಎಕ್ಸ್‌ಟ್ರಾ ಪಾಯಿಂಟಿಗೆ ಹೊಡೆಯುವ ಕಿಕ್) ಒಂದೂ ಹೋಗ್ಲಿಲ್ಲ, ಸೋತದ್ದಕ್ಕೆ ಎಲ್ಲರೂ ಬೈದದ್ದು ಹೊಸ ಹುಡುಗರಿಗೆ, ಪಾಪ ಇಬ್ಬರು ಬರುದೇ ಬಿಟ್ರು.

ಆಮೇಲೆ ಹಿಡಿದದ್ದು ಜೋಡಿ. ಪ್ರತಿ ಹೊಸಬನಿಗೆ ಒಬ್ಬ ಸೀನಿಯರ್, ಕಂಬಳದ ಜೋಡಿ ಹಾಗೆ, ಒಂದು ನಿಂತ್ರೆ ಇನ್ನೊಂದು ಓಡ್ಲಿಕ್ಕಿಲ್ಲ. ಸುಮಾರು ಒಂದೂವರೆ ತಿಂಗಳು ಹೊಸಬನಿಗೆ ಫುಲ್ ಸ್ಪೀಡ್ ಟ್ಯಾಕಲ್ ಇಲ್ಲ, ಮೊಣಕಾಲಲ್ಲಿ ನಿಂತು ಶುರು, ಮತ್ತೆ ನಡೆದು, ಮತ್ತೆ ಅರ್ಧ ಸ್ಪೀಡ್, ಎಲ್ಲ ಜೋಡಿಯೇ ಕಲಿಸ್ಬೇಕು. ಜೋಡಿಯನ್ನು ನಾನು ಹಾಕುದು, ಅವರು ಆರಿಸುದಲ್ಲ. ಎಂಟ್ರಿಗೆ ಅತಿ ಹೆಚ್ಚು ಬೊಬ್ಬೆ ಹೊಡೀತಿದ್ದವನಿಗೆ ಅತಿ ಸಣ್ಣ ಹುಡುಗನನ್ನು ಕೊಡುದು, ಇದು ನನ್ನ ಐಡಿಯಾ, ಹೇಳಿಕೊಳ್ಳುದರಲ್ಲಿ ನಾಚಿಕೆ ಎಂತದ್ದು.

ಮೊದಲ ರೂಪದಲ್ಲಿ ಇದೂ ಫೇಲ್ ಆಯ್ತು ಆಯ್ತಾ. ಹೊಸಬನಿಗೆ ಮಂಡೆಗೆ ಪೆಟ್ಟು ಅಂತ ಗೊತ್ತಾದ್ರೆ ಜೋಡಿ ಇಬ್ಬರೂ ಹೊರಗೆ ಅಂತ ಇಟ್ಟಿದ್ದು, ಜವಾಬ್ದಾರಿ ಬರ್ತದೆ ಅಂತ. ಬಂದದ್ದೆಂತ, ಸೀನಿಯರೇ ಹೋಗಿ ಹುಡುಗನ ಕಿವಿಯಲ್ಲಿ "ಸುಮ್ನಿರು, ಕೋಚಿಗೆ ಹೇಳ್ಬೇಡ" ಅಂದದ್ದು. ಮೊದಲು ಹುಡುಗ ಒಬ್ಬನೇ ಮುಚ್ಚಿಡ್ತಿದ್ದ, ಈಗ ಇಬ್ಬರು ಸೇರಿ. ಹಾಗಾಗಿ ಪೂರ್ತಿ ತಿರುಗಿಸಿ ಹಾಕಿದೆ. ಜೋಡಿ ತಾನಾಗಿ ಕೈ ಎತ್ತಿ ಹುಡುಗನನ್ನು ಹೊರಗೆ ತಂದ್ರೆ ಮುಂದಿನ ಮ್ಯಾಚಲ್ಲಿ ಅವನ ಸ್ಟಾರ್ಟಿಂಗ್ ಜಾಗ ಗ್ಯಾರಂಟಿ, ಯಾರೂ ಕೇಳ್ಲಿಕ್ಕಿಲ್ಲ. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದ್ರೆ ಇಬ್ಬರೂ 21 ದಿನ ಬದಿಯಲ್ಲಿ. ಆ 21 ನನ್ನ ಲೆಕ್ಕ ಅಲ್ಲ, 2023ರಲ್ಲಿ ಬ್ರಿಟನ್ ಸರ್ಕಾರ ಸಣ್ಣ ಮಟ್ಟದ ಆಟಗಾರರಿಗೆ ಹಾಕಿದ್ದು ಅದೇ, ಕನ್ಕಷನ್, ಅಂದ್ರೆ ಮಂಡೆ ಪೆಟ್ಟಿಂದ ಮಿದುಳಿಗೆ ಏಟು, ಅಂತ ಆದ್ರೆ ಕನಿಷ್ಠ 21 ದಿನ ಮ್ಯಾಚ್ ಇಲ್ಲ, ಅದೇ ದಿನ ವಾಪಸು ಇಳಿಯುದಂತೂ ಇಲ್ಲವೇ ಇಲ್ಲ. ಇಲ್ಲೇ ಆಟ ತಿರುಗಿದ್ದು. ಸೀನಿಯರ್‌ಗಳಿಗೆ ಉಪದೇಶ ತಾಗುದಿಲ್ಲ, ಜೆರ್ಸಿ ತಾಗ್ತದೆ.

ಹುಡುಗರು ಟಿವಿ ನೋಡಿ ವಾದಕ್ಕೆ ಬರ್ತಾರೆ, ದೊಡ್ಡ ಮ್ಯಾಚಲ್ಲಿ ಮಂಡೆಗೆ ಪೆಟ್ಟು ಬಿದ್ದ ಪ್ಲೇಯರ್ ಟೆಸ್ಟಿಗೆ ಒಳಗೆ ಹೋಗಿ 12 ನಿಮಿಷದಲ್ಲಿ ವಾಪಸು ಬರ್ತಾನಲ್ವಾ ಅಂತ. ಅಲ್ಲಿ ಅದಕ್ಕೇ ಟ್ರೈನ್ ಆದ ಡಾಕ್ಟರ್ ಇರ್ತಾರೆ, ವಿಡಿಯೋ ಇರ್ತದೆ, ನಮ್ಮಲ್ಲಿ ಇರುದು ಐಸ್ ಬಾಕ್ಸ್. 2011ರಲ್ಲಿ ಉತ್ತರ ಐರ್ಲೆಂಡಿನಲ್ಲಿ 14 ವರ್ಷದ ಶಾಲೆ ಹುಡುಗನೊಬ್ಬ ಮಂಡೆಗೆ ಪೆಟ್ಟು ಬಿದ್ದ ಮೇಲೂ ಅದೇ ಮ್ಯಾಚಲ್ಲಿ ಆಡಿ, ಮತ್ತೆ ಪೆಟ್ಟು ತಿಂದು ತೀರಿಹೋದ. ಅದನ್ನು ಒಮ್ಮೆ ಹೇಳಿದ್ರೆ ಸಾಕು, ವಾದ ಅಲ್ಲಿಗೇ ನಿಲ್ತದೆ.

ಇನ್ನು ಟ್ಯಾಕಲ್ ವಿಷಯ. ಕಬಡ್ಡಿ ಹುಡುಗರು ಕೆಳಗೆ ಹಿಡಿಯುದರಲ್ಲಿ ಹುಷಾರು, ತೊಡೆ ಹಿಡಿ, ಕಾಲು ಹಿಡಿ ಎಲ್ಲ ಬರ್ತದೆ, ಹೈ ಟ್ಯಾಕಲ್ ಮಾಡಿ ಎಲ್ಲೋ ಕಾರ್ಡ್ ತಿಂತಾರೆ ಅಂತ ಹೆದರಿಕೆ ಕಮ್ಮಿ. ಆದ್ರೆ ಮಂಡೆ ತಪ್ಪು ಬದಿಯಲ್ಲಿ ಇಡ್ತಾರೆ. ರೈಡರ್ ಬರುದು ನಿಧಾನ, ಅಲ್ಲಿ ಮಂಡೆ ಕಾಲಿನ ಎದುರು ಹೋದ್ರೂ ನಡೀತದೆ, ಇಲ್ಲಿ ಓಡಿ ಬರುವವನ ಎದುರು ಇಟ್ರೆ ಮೊಣಕಾಲು ಸೀದಾ ಕೆನ್ನೆಗೆ. ರಗ್ಬಿಯಲ್ಲಿ ಟ್ಯಾಕಲ್ ತಿಂದವನಿಗಿಂತ ಮಾಡಿದವನಿಗೇ ಮಂಡೆ ಪೆಟ್ಟು ಜಾಸ್ತಿ ಆಗುದು. ಇದನ್ನು ಬಿಡಿಸ್ಲಿಕ್ಕೆ ನಾನು ಹಿಡಿದದ್ದು ಕೆಸರು. ಮಳೆಗಾಲದ ಆಟಿ ತಿಂಗಳಲ್ಲಿ ದೋಸ್ತಿಯ ಒಂದು ಗದ್ದೆ ನೇಜಿ (ಭತ್ತದ ಸಸಿ) ನೆಡದೆ ಖಾಲಿ ಇತ್ತು, ಕೆಸರ್ಡೊಂಜಿ ದಿನ, ಅಂದ್ರೆ ಕೆಸರಲ್ಲಿ ಒಂದು ದಿನ ಅಂತ ಎಲ್ಲರೂ ಹಗ್ಗ ಎಳೀತಾರಲ್ಲ, ನಾವು ಟ್ಯಾಕಲ್ ಮಾಡಿದ್ವು. ಮೊಣಕಾಲು ತನಕ ಕೆಸರಲ್ಲಿ ಯಾರಿಗೂ ಸ್ಪೀಡ್ ಬರುದಿಲ್ಲ, ಮಂಡೆಯನ್ನು ಓಡಿ ಬರುವವನ ಹಿಂದಿನ ಬದಿಗೆ ಇಡ್ಲಿಕ್ಕೆ ಟೈಮ್ ಸಿಗ್ತದೆ, ಬಿದ್ರೆ ನೋಯುದಿಲ್ಲ. ನಾಲ್ಕೈದು ಆದಿತ್ಯವಾರದಲ್ಲಿ ಆದದ್ದು ಗ್ರೌಂಡಲ್ಲಿ ಒಂದು ಸೀಸನ್ ಆಗಿರ್ಲಿಲ್ಲ. ಖರ್ಚು ಗದ್ದೆಯವರಿಗೆ ಐನೂರು, ಮತ್ತೆ ಎಲ್ಲರಿಗೂ ಗಂಜಿ ಉಪ್ಪಿನಕಾಯಿ. ಒಂದೇ, ಕಾಲಲ್ಲಿ ಗಾಯ ಇದ್ದವನನ್ನು ಇಳಿಸ್ಬೇಡಿ, ನಮ್ಮ ಕಡೆ ಮಳೆಗಾಲದಲ್ಲಿ ಇಲಿಜ್ವರದ ಕಾಟ ನಿಮಗೆ ಗೊತ್ತೇ ಉಂಟು.

ಟ್ಯಾಕಲಿನ ಎತ್ತರಕ್ಕೆ ಇನ್ನೊಂದು ಮಾಡಿದ್ದು. ರಗ್ಬಿಯ ಲಾ ಪ್ರಕಾರ ಭುಜದ ಗೆರೆಗಿಂತ ಮೇಲೆ ಹಿಡಿದ್ರೆ ತಪ್ಪು, ಆದ್ರೆ ಇಂಗ್ಲೆಂಡಲ್ಲಿ 2023-24ರಿಂದ ಕ್ಲಬ್ ಮಟ್ಟಕ್ಕೆ ಅದನ್ನು ಎದೆಮೂಳೆಯ ಕೆಳತುದಿಗೆ ಇಳಿಸಿದ್ದಾರೆ. ನಾವು ಪ್ರಾಕ್ಟೀಸಲ್ಲಿ ಇಂಗ್ಲೆಂಡಿಂದೇ ಹಿಡಿದದ್ದು. ಆ ಎತ್ತರ ಕಾಣ್ಲಿಕ್ಕೆ ಮೊದಲು ಜೆರ್ಸಿಗೆ ವೈರಿಂಗ್ ಟೇಪ್ ಅಂಟಿಸಿದೆ, ಬೆವರಿಗೆ ಅರ್ಧ ಗಂಟೆಯಲ್ಲಿ ಕಿತ್ತು ಬಂತು. ಮತ್ತೆ ಜೆರ್ಸಿ ಪ್ರಿಂಟ್ ಮಾಡುವಾಗಲೇ ಒಂದು ಅಡ್ಡ ಪಟ್ಟಿ ಹಾಕಿಸಿದ್ದು, ಜೆರ್ಸಿಗೆ ಸುಮಾರು ನಾನೂರೈವತ್ತು, ಪಟ್ಟಿಗೆ ಮೂವತ್ತು ಎಕ್ಸ್‌ಟ್ರಾ ಕೇಳಿದ, ಚೌಕಾಶಿ ಮಾಡಿ ಇಪ್ಪತ್ತಕ್ಕೆ ಇಳಿಸಿದ್ದು. ಹೊಸ ಜೆರ್ಸಿ ಮೊದಲು ಹೊಸಬರಿಗೆ, ಹಳೇದು ಸೀನಿಯರ್‌ಗಳಿಗೆ. ಇದಕ್ಕೆ ಆದ ಗಲಾಟೆ ಕೋನ್ ಗಲ್ಲಿ ನಿಲ್ಲಿಸಿದಾಗಲೂ ಆಗಿರ್ಲಿಲ್ಲ.

ಜೆರ್ಸಿ ತೊಳೆಯುದು ತಪ್ಪಿಸ್ಲಿಕ್ಕೆ ಸೆಕೆಂಡ್ ಹ್ಯಾಂಡ್ ವಾಷಿಂಗ್ ಮೆಷಿನ್ ತಂದೆ, ನಾಲ್ಕೂವರೆ ಸಾವಿರವೋ ಏನೋ. ಪಣಂಬೂರಿನ ಹೊಯ್ಗೆ ಎರಡು ತಿಂಗಳಲ್ಲಿ ಅದರ ಪಂಪನ್ನು ತಿಂದು ಹಾಕಿತು. ಈಗ ನಂಬರ್ ಪ್ರಕಾರ ಪಾಳಿ, ನನ್ನದೂ ಸೇರಿ. ಕೋಚ್ ಬ್ಯಾಗ್ ಹೊತ್ತದ್ದು ನೋಡಿ ಒಂದು ಟೀಮಿನವರು ನಗಾಡಿದ್ರು, ನಗಾಡ್ಲಿ.

ಮೌತ್‌ಗಾರ್ಡ್ ಬಿಸಿನೀರಿಗೆ ಹಾಕಿ ಕಚ್ಚುವಂಥದ್ದು ಮುನ್ನೂರರ ಒಳಗೆ ಸಿಗ್ತದೆ, ಹುಡುಗರು ಅದನ್ನು ಚೂಯಿಂಗ್ ಗಮ್ ಮಾಡಿ ಮುಗಿಸ್ತಾರೆ. ಮಂಗಳೂರಲ್ಲಿ ಡೆಂಟಲ್ ಕಾಲೇಜಿಗೆ ಬರಗಾಲ ಇಲ್ಲ, ಗುರ್ತದ ಒಬ್ಬರು ಅಚ್ಚು ತೆಗ್ದು ಮಟೀರಿಯಲ್ ದುಡ್ಡಿಗೇ ಮಾಡಿಕೊಟ್ರು, ತಲಾ ಆರ್ನೂರು ಬಿತ್ತು, ಅದು ನಿಂತಿತು. ಅರ್ಧ ದುಡ್ಡು ಜೋಡಿ ಸೀನಿಯರ್ ಹಾಕ್ಬೇಕು. ಆದ್ರೆ ಅದು ಹಲ್ಲಿಗೆ, ಮಿದುಳಿಗಲ್ಲ. ಒಬ್ಬ ಹುಡುಗನ ಅಪ್ಪ ಮೂರು ಸಾವಿರದ ಹತ್ರ ಕೊಟ್ಟು ಮಂಡೆಗೆ ಹಾಕುವ ಮೆತ್ತನೆ ಸ್ಕ್ರಮ್ ಕ್ಯಾಪ್ ತರಿಸಿದ್ರು, ಅದು ಕಿವಿ ಹರಿಯುದು, ಚರ್ಮ ಕಿತ್ತು ಹೋಗುದು ತಪ್ಪಿಸ್ತದೆ, ಕನ್ಕಷನ್ ತಪ್ಪಿಸುದಿಲ್ಲ. ಆ ಹುಡುಗ ಕ್ಯಾಪ್ ಹಾಕಿದ ದಿನದಿಂದ ಮಂಡೆ ಮುಂದೆ ಮಾಡಿ ನುಗ್ಲಿಕ್ಕೆ ಶುರು ಮಾಡಿದ, ತೆಗೆಸಿದೆ.

ಇದೆಲ್ಲ ಕೆಲಸ ಮಾಡ್ತದೆ ಅಂತ ನನಗೆ ಗ್ಯಾರಂಟಿ ಆದದ್ದು ಉಡುಪಿ ಕಡೆ ಒಂದು ಟೂರ್ನಮೆಂಟ್ ಸೆಮಿಯಲ್ಲಿ. ನಮ್ಮ ಹೊಸ ವಿಂಗರ್ ಟ್ಯಾಕಲ್ ಮಾಡುವಾಗ ಕಣ್ಣಿನ ಬದಿಗೆ ಮೊಣಕಾಲು ಬಿತ್ತು, ಎದ್ದ, ಶಾರ್ಟ್ಸ್ ಕೊಡವಿದ, ಓಡಿದ ಸಹ. ನಾನು ಏನೂ ಆಗ್ಲಿಲ್ಲ ಅಂತಲೇ ಅಂದ್ಕೊಂಡದ್ದು. ಅವನ ಜೋಡಿ ಗ್ಯಾರೇಜಲ್ಲಿ ಕೆಲಸ ಮಾಡುವವ, ಹಿಂದೆ ಗಾಳಿಮರದ ಎಂಟ್ರಿಗೆ ಇವನೇ ಲೀಡರ್. ಕಿಕ್ ಆಫಿಗೆ ನಿಲ್ಲುವಾಗ ಹುಡುಗ ನಾಲ್ಕು ಹೆಜ್ಜೆ ಎದುರಿನ ಟೀಮಿನ ಕಡೆ ನಡೆದು ಮತ್ತೆ ತಿರುಗಿದ್ದನ್ನು ಇವ ಒಬ್ಬನೇ ನೋಡಿದ್ದು. ಜೆರ್ಸಿ ಹಿಡಿದು "ಇದು ಯಾವ ಗ್ರೌಂಡ್ ಮಾರಾಯ" ಅಂತ ಕೇಳಿದ, ಅವ ಧೈರ್ಯದಲ್ಲಿ "ನೆಹರೂ ಮೈದಾನ" ಅಂದ, ಅದು ಇರುದು ಮಂಗಳೂರಲ್ಲಿ. ಅಷ್ಟೇ, ಎಳ್ಕೊಂಡೇ ಹೊರಗೆ ಬಂದ. ಸಬ್ ಐದೂ ಮುಗಿದಿತ್ತು, ಆರು ಜನದಲ್ಲಿ ಆಡಿದ್ವು, ನಮ್ಮ ಮೇಲೆ ಒಂದು ಟ್ರೈ (ಗೆರೆ ದಾಟಿ ಬಾಲ್ ನೆಲಕ್ಕೆ ಇಟ್ಟು ಮಾಡುವ ಸ್ಕೋರ್) ಬಿತ್ತು, ಸೋತೆವು. ಎದುರಿನ ಮ್ಯಾನೇಜರ್ "ಇಷ್ಟಕ್ಕೆಲ್ಲ ಹೊರಗೆ ಹಾಕುದಾ" ಅಂತ ಕೇಳಿದ್ರು. ವಾಪಸು ಬರುವಾಗ ಪಡುಬಿದ್ರಿ ದಾಟಿ ಹುಡುಗ ಗಾಡಿಯಲ್ಲಿ ಎರಡೆರಡು ಸಲ ವಾಂತಿ ಮಾಡಿದ, ಸೀದಾ ಆಸ್ಪತ್ರೆಗೆ. ಸಿಟಿ ಸ್ಕ್ಯಾನ್, ಔಷಧಿ ಎಲ್ಲ ಸೇರಿ ಮೂರು ಸಾವಿರದ ಮೇಲೆ, ಅರ್ಧ ಟೀಮ್ ಫಂಡಿಂದ. ಸ್ಕ್ಯಾನ್ ನಾರ್ಮಲ್. ಮೂರು ದಿನ ಬಿಟ್ಟು ಅವನ ಅಪ್ಪ "ಸ್ಕ್ಯಾನ್ ಸರಿ ಉಂಟಲ್ವಾ ಸರ್, ಇನ್ನು ಆಡ್ಲಿ" ಅಂತ ಬಂದ್ರು. ಸ್ಕ್ಯಾನಲ್ಲಿ ಕಾಣುದು ರಕ್ತಸ್ರಾವ, ಬಿರುಕು ಅಂಥದ್ದು, ಕನ್ಕಷನ್ ಅದರಲ್ಲಿ ಕಾಣುದಿಲ್ಲ ಅಂತ ಕೂರಿಸಿ ಹೇಳ್ಬೇಕಾಯ್ತು. ಗ್ಯಾರೇಜಿನವನಿಗೆ ಮುಂದಿನ ಮ್ಯಾಚಲ್ಲಿ ಸ್ಟಾರ್ಟಿಂಗ್ ಕೊಟ್ಟೆ, ಅವನಿಗಿಂತ ಚೆನ್ನಾಗಿ ಆಡುವವ ಬೆಂಚಲ್ಲಿ ಕೂತ. ಆ ದಿನ ಮಾತು ಉಳಿಸದಿದ್ರೆ ಎಲ್ಲ ಅಲ್ಲಿಗೇ ಮುಗೀತಿತ್ತು.

ಗ್ರೌಂಡ್ ಯಾವುದು, ಯಾವ ಹಾಫ್, ಲಾಸ್ಟ್ ಸ್ಕೋರ್ ಯಾರದ್ದು, ಮಂಡೆ ಪೆಟ್ಟು ಬಿದ್ದವನಿಗೆ ಕೇಳುವ ಈ ಪ್ರಶ್ನೆಗಳು ಎಲ್ಲರಿಗೂ ಗೊತ್ತಿರುವಂಥದ್ದೇ. ಹುಡುಗರು ಅದಕ್ಕೆ ಉತ್ತರ ಬಾಯಿಪಾಠ ಮಾಡ್ತಾರೆ, ಹಾಗಾಗಿ ನಮ್ಮದು ಇನ್ನೆರಡು ಉಂಟು, ಅದನ್ನು ಇಲ್ಲಿ ಬರೆಯುದಿಲ್ಲ. ರೈಲಲ್ಲಿ ರಾತ್ರಿ ಎಂತ ಆಗ್ತದೆ ಅಂತ ನನಗೆ ಬೆಳಿಗ್ಗೆ ಹೇಗೆ ಗೊತ್ತಾಗ್ತದೆ ಅಂತಲೂ ಕೇಳ್ಬೇಡಿ. 18ರ ಒಳಗಿನವರು ಬೇರೆ ಕೋಣೆ, ಬೇರೆ ಬರ್ತ್, ಜೊತೆಗೆ ಒಬ್ಬರು ಪೋಷಕರು, ಅಷ್ಟು ಹೇಳ್ತೇನೆ.

ಮೊದಲು ಹತ್ತು ಜನ ಬಂದ್ರೆ ದೀಪಾವಳಿ ಹೊತ್ತಿಗೆ ಮೂರು ಉಳೀತಿದ್ರು, ಈಗ ಏಳೆಂಟು ಉಳೀತಾರೆ. ಎಂಟ್ರಿ ನಿಲ್ಲಿಸಿದ್ರೆ ಹುಡುಗರು ಮೆತ್ತಗಾಗ್ತಾರೆ ಅಂದವರ ಟೀಮನ್ನು ಹೋದ ಸೀಸನ್ ಎರಡು ಸಲ ಸೋಲಿಸಿದ್ದೇವೆ, ಒಮ್ಮೆ ದೊಡ್ಡ ಅಂತರದಲ್ಲಿ. 2025ರ ಜೂನಲ್ಲಿ ಮುಂಬೈಲಿ ರಗ್ಬಿ ಪ್ರೀಮಿಯರ್ ಲೀಗ್ ಆದ ಮೇಲೆ ಒಮ್ಮೆಲೇ ಹುಡುಗರು ಜಾಸ್ತಿ, ಸೀನಿಯರ್ ಕಮ್ಮಿ, ಒಬ್ಬನಿಗೆ ಇಬ್ಬರನ್ನು ಕೊಟ್ಟು ನೋಡಿದೆ, ಆಗುದಿಲ್ಲ, ಎರಡನೆಯವನ ಮೇಲೆ ಕಣ್ಣೇ ಇರುದಿಲ್ಲ. ಈಗ ಜೋಡಿ ಸಿಗುವ ತನಕ ಹೊಸಬರಿಗೆ ಟಚ್ ರಗ್ಬಿ (ಬೀಳಿಸದೆ ಬರೀ ಮುಟ್ಟಿ ಆಡುವಂಥದ್ದು) ಮಾತ್ರ, ವೆಯ್ಟಿಂಗ್ ಲಿಸ್ಟಲ್ಲಿ ಆರೇಳು ಜನ ಇದ್ದಾರೆ, ಅವರ ಮನೆಯವರು ದಿನಾ ಫೋನ್ ಮಾಡಿ ಬೈತಾರೆ.