ರೊಟ್ಟಿ ಬಡಿಯೋ ಕೈಗೆ ಕುಂಬಳಕಾಯಿ ಬ್ರೆಡ್ಡು

ನನ್ನದು ರೊಟ್ಟಿ ಬಡಿಯುವ ಕೈ. ಜೋಳದ ಹಿಟ್ಟಿಗೆ ಎಸರು ಹಾಕು, ಸುಡುಸುಡು ಇರುವಾಗಲೇ ನಾದು, ಬಡಿ, ಹೆಂಚಿಗೆ ಹಾಕು. ರಾಯಚೂರಿನಲ್ಲಿ ನಮ್ಮ ಮನೆಯಲ್ಲಿ ದಿನಾ ನಡೆಯೋದೇ ಇದು. ನಾನು ಮಾಡಿದ ಮೊದಲ ಕುಂಬಳಕಾಯಿ ಬ್ರೆಡ್ ಹಾಳಾಗಿದ್ದೂ ಇದೇ ಕೈಯಿಂದ.

ಹೋದ ವರ್ಷ ಎಳ್ಳ ಅಮಾವಾಸ್ಯೆಗೆ ಲಿಂಗಸುಗೂರು ಕಡೆಯ ನೆಂಟರ ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಹಾಕಲು ಹೋಗಿದ್ದೆವು. ಬರುವಾಗ 6 ಕೆಜಿಯ ಒಂದು ಸಿಹಿಗುಂಬಳ ಕೈಗಿಟ್ಟರು. ಹಾಗೇ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ, ಒಮ್ಮೆ ಕೊಯ್ದರೆ ಮುಗೀತು. ಮೊದಲ ಏಟು ಗಂಡಸರೇ ಹಾಕಬೇಕು ಅಂತ ನಮ್ಮಲ್ಲಿ ರೂಢಿ, ಹಾಗಾಗಿ ನಮ್ಮ ಮನೆಯವರು ಒಡೆದುಕೊಟ್ಟರು. ಅಕ್ಕಪಕ್ಕಕ್ಕೆ ಹಂಚಿ, ಎರಡು ದಿನ ಪಲ್ಯ ಮಾಡಿ ಆದ ಮೇಲೂ ಅರ್ಧ ಉಳಿದಿತ್ತು. ಹೊಸದಾಗಿ ತಂದ ಓಟಿಜಿ (ಕರೆಂಟಿನ ಚಿಕ್ಕ ಓವನ್) ಸುಮ್ನೆ ಕೂತಿತ್ತು. ಸರಿ, ಬ್ರೆಡ್ ಮಾಡೋಣ ಅಂದುಕೊಂಡೆ.

ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿದೆ. ಮಸೆದು, ಹೊಗೆಯಾಡುತ್ತಿದ್ದ ಆ ಮುದ್ದೆಗೇ ಮೈದಾ, ಬೆಲ್ಲ, ಯೀಸ್ಟ್ ಎಲ್ಲ ಸುರಿದೆ. ಕೈ ಸುಡುತ್ತಿತ್ತು. ಅದೇನು ನನಗೆ ಹೊಸದೇ? ನಾದಿ ಮುಚ್ಚಿಟ್ಟೆ. ಎರಡು ತಾಸಾದರೂ ಹಿಟ್ಟು ಇಟ್ಟಲ್ಲೇ ಇತ್ತು. ಯೀಸ್ಟ್ ಅಂದರೆ ಜೀವ ಇರುವ ವಸ್ತು, ಸುಮಾರು 60 ಡಿಗ್ರಿ ಬಿಸಿ ತಾಗಿದರೆ ಸತ್ತೇ ಹೋಗುತ್ತದೆ. ಜೋಳದ ಹಿಟ್ಟಿನಲ್ಲಿ ಜಿಗಿ ಇಲ್ಲ. ಬಿಸಿನೀರು ಬಿದ್ದು ಅರ್ಧ ಬೆಂದರೇನೇ ಅದು ಅಂಟಿಕೊಂಡು ನಿಲ್ಲೋದು, ಅದಕ್ಕೇ ಎಸರು. ಗೋಧಿ, ಮೈದಾಕ್ಕೆ ಜಿಗಿ ಮೊದಲೇ ಇರುತ್ತದೆ, ಬಿಸಿ ಬೇಕಿಲ್ಲ. ಇದೆಲ್ಲ ಗೊತ್ತಾಗಿದ್ದು ಆಮೇಲೆ. ಅವತ್ತಿನ ಹಿಟ್ಟಿಗೆ ಇನ್ನಷ್ಟು ಬೆಲ್ಲ ಹಾಕಿ ಲಟ್ಟಿಸಿ ಎಣ್ಣೆಯಲ್ಲಿ ಕರಿದೆ. ಮಕ್ಕಳು ಗಾರಿಗೆ ಅಂತಲೇ ತಿಂದವು.

ಎರಡನೇ ಸಲ ಮುದ್ದೆ ಪೂರ್ತಿ ಆರಿಸಿದೆ. ಯೀಸ್ಟನ್ನೂ ಪರೀಕ್ಷೆ ಮಾಡಿದೆ. ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಬೆಲ್ಲ, ಅದರ ಮೇಲೆ ಯೀಸ್ಟ್. ಹತ್ತು ನಿಮಿಷದಲ್ಲಿ ನೊರೆ ಬಂತು. ಆದರೆ ಹಿಟ್ಟು ಕೈಗೆ ಮೆತ್ತಿಕೊಂಡು ಬಿಡಲೇ ಒಲ್ಲದು. ಒಂದು ಹಿಡಿ ಮೈದಾ ಹಾಕಿದೆ, ಇನ್ನೊಂದು ಹಾಕಿದೆ, ಹೀಗೇ ಎಷ್ಟು ಹಾಕಿದೆನೋ ಲೆಕ್ಕವಿಲ್ಲ. ಬೆಂದು ಬಂದಿದ್ದು ಇಟ್ಟಂಗಿ. ಬಣ್ಣ ಮಾತ್ರ ಚೆಂಡುಹೂವಿನ ಹಾಗೆ.

ತಪ್ಪು ಕುಂಬಳಕಾಯಿಯದ್ದೇ. ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರು. ಕುಕ್ಕರಿಗೆ ಹಾಕಿದರೆ ಆ ನೀರೂ ಸೇರುತ್ತದೆ. ಹಾಗಾಗಿ ಈಗ ಕುಕ್ಕರ್ ಬಿಟ್ಟೇಬಿಟ್ಟಿದ್ದೇನೆ. ಸಿಪ್ಪೆಸಮೇತ ದೊಡ್ಡ ಹೋಳು ಮಾಡಿ, 200 ಡಿಗ್ರಿಯಲ್ಲಿ ಮುಕ್ಕಾಲು ತಾಸು ಸುಡುತ್ತೇನೆ. ಅಂಚು ಸ್ವಲ್ಪ ಕಪ್ಪಾಗಬೇಕು. ತಿರುಳನ್ನು ಚಮಚದಲ್ಲಿ ಕೆರೆದು, ಮಸೆದು, ತೆಳು ಬಟ್ಟೆಯಲ್ಲಿ ಕಟ್ಟಿ ಒಂದು ತಾಸು ತೂಗುಹಾಕುತ್ತೇನೆ. ಕೆಳಗೆ ಇಳಿಯುವ ಹಳದಿ ನೀರು ಚೆಲ್ಲಬೇಡಿ, ಹಿಟ್ಟು ಕಲಸಲು ಅದೇ ಸಾಕು. ಓವನ್ ಎರಡು ಸಲ ಹಚ್ಚೋದು ದಂಡ ಅನಿಸಿದರೆ ಹಬೆಯಲ್ಲಿ ಬೇಯಿಸಿ, ಬಾಣಲೆಯಲ್ಲಿ ನೀರು ಇಂಗುವವರೆಗೆ ಕೈಯಾಡಿಸಿ. ಸುಟ್ಟಿದ್ದರ ರುಚಿ ಮಾತ್ರ ಬರಲ್ಲ.

ಅಳತೆ ನನ್ನದು ಹೀಗೆ. ಮೈದಾ 300 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ, ಕುಂಬಳದ ಮುದ್ದೆ 200 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಉಪ್ಪು 8 ಗ್ರಾಂ, ಬೆಲ್ಲ 40 ಗ್ರಾಂ, ಎಣ್ಣೆ ಅಥವಾ ಬೆಣ್ಣೆ 30 ಗ್ರಾಂ. ಕುಂಬಳದ ನೀರೋ ಹಾಲೋ 80 ಮಿಲಿ ಆಸುಪಾಸು. ಅದನ್ನೂ ಒಂದೇ ಸಲಕ್ಕೆ ಹಾಕಲ್ಲ, ಕಾಲು ಭಾಗ ಹಿಂದೆ ಇಟ್ಟುಕೊಳ್ಳುತ್ತೇನೆ. ಒಂದೊಂದು ಕಾಯಿ ಒಂದೊಂದು ಥರ. ಬೆಲ್ಲವನ್ನು ಆ ನೀರಲ್ಲೇ ಕರಗಿಸಿ ಸೋಸಿ, ಇಲ್ಲಾಂದ್ರೆ ಹಲ್ಲಿಗೆ ಮರಳು ಸಿಗುತ್ತದೆ.

ನಾದುವ ಪಾಠ ಹೇಳಿಕೊಟ್ಟಿದ್ದು ನಮ್ಮ ಅತ್ತೆ. ಮೂರನೇ ಸಲ ನಾನು ಮತ್ತೆ ಮೈದಾ ಡಬ್ಬಿಗೆ ಕೈ ಹಾಕಿದ್ದೆ. ಅಡುಗೆಮನೆ ಬಾಗಿಲಲ್ಲಿ ಕೂತು ಮೆಂತ್ಯ ಬಿಡಿಸುತ್ತಿದ್ದವರು, "ತಡಿಯವ್ವಾ, ಹಿಟ್ಟು ಯಾಕ ಹಾಕ್ತಿ? ಹೋಳಿಗಿ ಕಣಕ ಹೆಂಗ ಮಾಡ್ತೀವಿ? ಮುಚ್ಚಿಟ್ಟು ಹೊರಗ ಬಾ" ಅಂದರು. ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ ಅದೇ ಹಿಟ್ಟು ಅರ್ಧಕ್ಕರ್ಧ ಸುಧಾರಿಸಿತ್ತು. ಕೈಗೆ ಎಣ್ಣೆ ಸವರಿಕೊಂಡು ಮತ್ತೆ ಹತ್ತು ನಿಮಿಷ ಎಳೆದು, ಮಡಚಿ, ಎಳೆದು ನಾದಿದೆ. ಅತ್ತೆ ನಡುನಡುವೆ ಒಂದು ಚೂರು ಕಿತ್ತು ಎರಡೂ ಕೈಯಲ್ಲಿ ಹಿಗ್ಗಿಸಿ ಬೆಳಕಿಗೆ ಹಿಡಿಯುತ್ತಿದ್ದರು. ಎರಡು ಸಲ ಹರಿಯಿತು. "ಇನ್ನಾ ಜಿಗಿ ಬಂದಿಲ್ಲ." ಮೂರನೇ ಸಲ ಹರಿಯದೆ ತೆಳ್ಳಗೆ ಹಪ್ಪಳದ ಹಾಗೆ ಹಿಗ್ಗಿತು, ಅತ್ತೆಯ ಬೆರಳು ಅದರ ಹಿಂದೆ ಮಸುಕಾಗಿ ಕಾಣಿಸಿತು. "ಈಗ ಬಿಡು" ಅಂದರು. ಯೀಸ್ಟ್ ಬ್ರೆಡ್ ಅವರು ಜನ್ಮದಲ್ಲಿ ಮಾಡಿದವರಲ್ಲ!

ಇನ್ನು ನಮ್ಮೂರಿನ ಬಿಸಿಲು. ಪಾಕವಿಧಾನಗಳಲ್ಲಿ "ಬೆಚ್ಚಗಿನ ಜಾಗದಲ್ಲಿ ಒಂದು ತಾಸು ಇಡಿ" ಅಂತ ಇರುತ್ತದೆ. ಏಪ್ರಿಲ್‌ನಲ್ಲಿ ರಾಯಚೂರಿನಲ್ಲಿ ಬೆಚ್ಚಗಿಲ್ಲದ ಜಾಗ ಎಲ್ಲಿದೆ ಹೇಳಿ? ಹೊರಗೆ 40 ದಾಟಿರುತ್ತದೆ, ಅಡುಗೆಮನೆಯ ಮಾತು ಬಿಡಿ. ನಲವತ್ತು ನಿಮಿಷಕ್ಕೇ ಹಿಟ್ಟು ಉಬ್ಬಿ ಪಾತ್ರೆ ದಾಟುತ್ತದೆ, ಹುಳಿ ವಾಸನೆ ಹೊಡೆಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಯೀಸ್ಟ್ 3 ಗ್ರಾಂಗೆ ಇಳಿಸುತ್ತೇನೆ, ಮುದ್ದೆ, ನೀರು ಎರಡನ್ನೂ ಫ್ರಿಜ್‌ನಿಂದ ತೆಗೆದು ನೇರ ಹಾಕುತ್ತೇನೆ. ಇನ್ನೂ ಒಳ್ಳೆಯದು ಅಂದರೆ ರಾತ್ರಿ ಕಲಸಿ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಬೇಯಿಸೋದು. ನಿಧಾನಕ್ಕೆ ಉಬ್ಬಿದ ಹಿಟ್ಟಿಗೆ ರುಚಿ ಜಾಸ್ತಿ. ಗಡಿಯಾರ ನೋಡಬೇಡಿ, ಹಿಟ್ಟು ಎರಡು ಪಟ್ಟು ಆಯ್ತಾ ಅಷ್ಟೇ ನೋಡಿ.

ಆಮೇಲಿನದು ಸಲೀಸು. ಗಾಳಿ ತೆಗೆದು, ಸುರುಳಿ ಸುತ್ತಿ, ಎಣ್ಣೆ ಸವರಿದ 9 ಇಂಚಿನ ಟಿನ್ನಿಗೆ ಹಾಕಿ. ಮತ್ತೆ ಉಬ್ಬಿ ಟಿನ್ನಿನ ಅಂಚಿಗೆ ಬರಲಿ. ಒತ್ತಿದ ಬೆರಳಿನ ಗುರುತು ಮೆಲ್ಲಗೆ ಮೇಲೆ ಬರಬೇಕು, ಟಪ್ಪನೆ ಅಲ್ಲ. 180 ಡಿಗ್ರಿಯಲ್ಲಿ 35 ನಿಮಿಷ. ಬೆಲ್ಲ ಇರೋದರಿಂದ ಮೇಲ್ಭಾಗ ಬೇಗ ಕೆಂಪಾಗುತ್ತದೆ, 20 ನಿಮಿಷಕ್ಕೇ ಫಾಯಿಲ್ ಹೊದಿಸಿ. ತೆಗೆದು ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಒಮ್ಮೆ ಬ್ರೆಡ್ ಅರ್ಧ ಬೆಂದಿರುವಾಗ ಕರೆಂಟ್ ಹೋಯಿತು. ಬಾಗಿಲು ತೆಗೆಯದೆ ಹಾಗೇ ಬಿಟ್ಟೆ, ಕಾಲು ತಾಸಿಗೆ ಬಂತು, ನಡು ಸ್ವಲ್ಪ ಕುಸಿದರೂ ತಿನ್ನುವ ಹಾಗಿತ್ತು.

ಕೊಯ್ಯಲು ಎರಡು ತಾಸು ಕಾಯಬೇಕು. ಬಿಸಿ ಇರುವಾಗ ಚಾಕು ಹಾಕಿದರೆ ಒಳಗೆ ಅಂಟಂಟು, ಬೆಂದೇ ಇಲ್ಲವೇನೋ ಅನಿಸುತ್ತದೆ. ನಮ್ಮ ಮನೆಯಲ್ಲಿ ಈ ನಿಯಮ ಪಾಲಿಸೋರು ನಾನೊಬ್ಬಳೇ.

ಮಕ್ಕಳಿಗೆ ಬೆಣ್ಣೆ ಸಾಕು. ಅತ್ತೆ ಮಾತ್ರ ಹೋಳಿನ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ, ಅದರ ಮೇಲೆ ಗಟ್ಟಿ ಮೊಸರು ಹಚ್ಚಿಕೊಂಡು ತಿಂದರು. ತಿಂದು ಕೈ ಒರೆಸಿಕೊಳ್ಳುತ್ತಾ, "ಮುಂದಿನ ಸಲ ಬೆಲ್ಲ ಕಮ್ಮಿ ಹಾಕು" ಅಂದರು. ಈಗ 40ರ ಬದಲು 15 ಗ್ರಾಂ ಹಾಕುತ್ತಿದ್ದೇನೆ, ಮಕ್ಕಳಿಗೆ ಇನ್ನೂ ಗೊತ್ತಾಗಿಲ್ಲ.